ನೌಕೆ ನಿಂತಾಗ ಕಾಣುವ ಮುಖಗಳು

1990ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಟಿ.ವಿ. ಪ್ರೇಕ್ಷಕರು ಒಂದು ಕಾಲ್ಪನಿಕ ಮಹಾಯುದ್ಧದ ಅಂತ್ಯವನ್ನು ಕಂಡರು. 'ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಶನ್' ಧಾರಾವಾಹಿಯಲ್ಲಿ ಅರ್ಧ ಯಂತ್ರ, ಅರ್ಧ ಜೀವಿಗಳಾದ ಬೋರ್ಗ್ ಎಂಬ ಪಡೆ ಭೂಮಿಯ ಮೇಲೆ ದಾಳಿಗೆ ಬಂದಿತ್ತು. ಅದು ಎಂಟರ್‌ಪ್ರೈಸ್ ನೌಕೆಯ ಕ್ಯಾಪ್ಟನ್ ಪಿಕಾರ್ಡ್‌ನನ್ನು ಸೆರೆಹಿಡಿದು, ದೇಹಕ್ಕೆ ಯಂತ್ರಗಳನ್ನು ಜೋಡಿಸಿ, ಆತನ ಜ್ಞಾನವನ್ನೇ ಬಳಸಿಕೊಂಡು ಆತನದೇ ಕಡೆಯ 39 ನೌಕೆಗಳನ್ನು ನಾಶಪಡಿಸಿತ್ತು. ಕೊನೆಗೆ ಪಿಕಾರ್ಡ್ ಬಿಡುಗಡೆಯಾದ, ಭೂಮಿಯೂ ಉಳಿಯಿತು.

ಮುಂದಿನ ವಾರದ ಕಂತಿನಲ್ಲಿ ಯುದ್ಧವೇ ಇರಲಿಲ್ಲ. 'ಫ್ಯಾಮಿಲಿ' ಎಂಬ ಆ ಕಂತಿನಲ್ಲಿ ಪಿಕಾರ್ಡ್ ಫ್ರಾನ್ಸಿನ ತನ್ನ ಹುಟ್ಟೂರಿಗೆ ಹೋಗುತ್ತಾನೆ. ಅಲ್ಲಿ ದ್ರಾಕ್ಷಿ ತೋಟ ನೋಡಿಕೊಂಡಿರುವ ಅಣ್ಣನಿದ್ದಾನೆ. ತಮ್ಮ ಮನೆ ಬಿಟ್ಟು ಹೋಗಿ ದೊಡ್ಡವನಾದನೆಂಬ ಹಳೆಯ ಅಸೂಯೆ ಅಣ್ಣನಿಗಿದೆ. ಮಾತಿಗೆ ಮಾತು ಬೆಳೆದು ಇಬ್ಬರೂ ತೋಟದ ಕೆಸರಿನಲ್ಲಿ ಬಿದ್ದು ಹೊಡೆದಾಡುತ್ತಾರೆ, ಆಮೇಲೆ ನಗುತ್ತಾರೆ. ನಗು ನಿಲ್ಲುವ ಮುನ್ನವೇ ಪಿಕಾರ್ಡ್ ಅಳತೊಡಗುತ್ತಾನೆ. ತನ್ನಿಂದ ಅವರನ್ನು ತಡೆಯಲಾಗಲಿಲ್ಲ, ತಾನು ದುರ್ಬಲನಾದೆ ಎಂದು ಅಣ್ಣನ ಎದುರು ಒಪ್ಪಿಕೊಳ್ಳುತ್ತಾನೆ. ಹಿಂದಿನ ವಾರ ಭೂಮಿಯನ್ನು ಉಳಿಸಿದ ವೀರನ ಸೋಲು ಏನೆಂಬುದು ನಮಗೆ ತಿಳಿಯುವುದು ಈ ಕೆಸರಿನಲ್ಲಿ.

ಈ ಧಾರಾವಾಹಿಯ ಅಭಿಮಾನಿಗಳೊಡನೆ ಮಾತಿಗೆ ಕೂತವರಿಗೆ ಒಂದು ವಿಷಯ ಗೊತ್ತಿರುತ್ತದೆ. ಯುದ್ಧದ ಕಂತುಗಳನ್ನು ಅವರು ಉತ್ಸಾಹದಿಂದ ನೆನೆಯುತ್ತಾರೆ. ಆದರೆ ಅವರ ದನಿ ಮೆತ್ತಗಾಗುವುದು ನೌಕೆ ನಿಂತು, ಒಬ್ಬ ಪಾತ್ರದ ಒಳಗು ತೆರೆದುಕೊಳ್ಳುವ ಕಂತುಗಳ ಬಗ್ಗೆ ಹೇಳುವಾಗ. ನಕ್ಷತ್ರಗಳ ನಡುವೆ ನಡೆಯುವ ಕಥೆಯನ್ನು ನೋಡಲು ಕೂತವರು ಕೊನೆಗೆ ಅಣ್ಣತಮ್ಮಂದಿರ ಜಗಳವನ್ನೇಕೆ ನೆನಪಿಟ್ಟುಕೊಳ್ಳುತ್ತಾರೆ? ಈ ಪ್ರೀತಿಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ನಾವಿಲ್ಲಿ ಸ್ವಲ್ಪ ಪರಿಶೀಲಿಸೋಣ.

ಜೀನ್ ರಾಡನ್‌ಬೆರಿ 1966ರಲ್ಲಿ ಆರಂಭಿಸಿದ ಮೂಲ 'ಸ್ಟಾರ್ ಟ್ರೆಕ್' 79 ಕಂತುಗಳ ನಂತರ 1969ರಲ್ಲಿ ನಿಂತಿತು. 'ನೆಕ್ಸ್ಟ್ ಜನರೇಶನ್' 1987ರಿಂದ 1994ರ ತನಕ ನಡೆಯಿತು. ಅದರ ಮೊದಲೆರಡು ವರ್ಷಗಳ ಕಂತುಗಳು ಅಷ್ಟೇನೂ ಗಟ್ಟಿಯಾಗಿರಲಿಲ್ಲ. 1989ರಲ್ಲಿ ಬರವಣಿಗೆಯ ಹೊಣೆ ಹೊತ್ತ ಮೈಕೆಲ್ ಪಿಲ್ಲರ್, ಪ್ರತಿ ಕಥೆಯೂ ನೌಕೆಯ ಯಾರಾದರೊಬ್ಬರ ಕಥೆಯಾಗಿರಬೇಕೆಂದು ಪಟ್ಟು ಹಿಡಿದರು. ಹೊರಗಿನವರು ಕಳಿಸಿದ ಚಿತ್ರಕಥೆಗಳನ್ನೂ ಓದಿಸಿದರು. ಹಾಗೆ ಒಳಬಂದವರಲ್ಲಿ ರೊನಾಲ್ಡ್ ಮೂರ್ ಒಬ್ಬರು. ಅವರ ಮೊದಲ ಕಂತು ಕಾರ್ಯಾಚರಣೆಯೊಂದರಲ್ಲಿ ತಾಯಿಯನ್ನು ಕಳೆದುಕೊಂಡ ಹುಡುಗನದು. 'ಫ್ಯಾಮಿಲಿ' ಬರೆದವರೂ ಅವರೇ.

ಇನ್ನೊಂದು ಕಾರಣ ಹಣ. ಯುದ್ಧದ ದೃಶ್ಯಗಳಿಗೆ ಖರ್ಚು ಹೆಚ್ಚು. ಅಲ್ಲಿ ಸುರಿದದ್ದನ್ನು ಬೇರೆಲ್ಲೋ ಉಳಿಸಬೇಕು. ಇರುವ ಸೆಟ್ಟಿನಲ್ಲೇ ಇಬ್ಬರನ್ನೋ ಮೂವರನ್ನೋ ಕೂರಿಸಿ ಮಾತನಾಡಿಸಿದರೆ ಒಂದು ಕಂತು ಅಗ್ಗದಲ್ಲಿ ಮುಗಿಯುತ್ತದೆ. ಅಭಿಮಾನಿಗಳು ಎದೆಗವಚಿಕೊಂಡ ಕೆಲವು ಕಂತುಗಳು ಹುಟ್ಟಿದ್ದು ಈ ಉಳಿತಾಯದಿಂದಲೇ ಎಂಬುದು ಗಮನಾರ್ಹ. ಕಥೆಗೆ ಮುಖ್ಯವಾಗಿ ಬೇಕಾದುದು ಯಾವುದೆಂಬುದನ್ನು ಕೆಲವೊಮ್ಮೆ ಬಡತನವೇ ಕಲಿಸುತ್ತದೆ.

ಆದರೆ ಒಂದು ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಅಣ್ಣತಮ್ಮಂದಿರ ಜಗಳ, ತಂದೆ ಮಕ್ಕಳ ಕಣ್ಣೀರು ಇವೆಲ್ಲ ಯಾವ ಕೌಟುಂಬಿಕ ಧಾರಾವಾಹಿಯಲ್ಲಿಲ್ಲ? ಅದಕ್ಕಾಗಿ ಅಂತರಿಕ್ಷಕ್ಕೇಕೆ ಹೋಗಬೇಕು? ಬರಿಯ ಭಾವುಕತೆಯನ್ನೇ ಪಾತ್ರಚಿತ್ರಣವೆಂದು ಕರೆಯುವ ಅಪಾಯ ಇಲ್ಲದಿಲ್ಲ. ಅಂಥ ಸಪ್ಪೆ ಕಂತುಗಳು ಈ ಧಾರಾವಾಹಿಯಲ್ಲೂ ಇವೆ.

ಈ ಆಕ್ಷೇಪಕ್ಕೆ ಉತ್ತರ ಕೊಡುವ ಶಕ್ತಿಯಿರುವುದು 1992ರ ಜೂನ್‌ನಲ್ಲಿ ಪ್ರಸಾರವಾದ 'ದ ಇನ್ನರ್ ಲೈಟ್' ಕಂತಿಗೆ. ಅಪರಿಚಿತ ಶೋಧಕ ಯಂತ್ರವೊಂದರ ಕಿರಣ ತಾಗಿ ಪಿಕಾರ್ಡ್ ಪ್ರಜ್ಞೆ ತಪ್ಪುತ್ತಾನೆ. ಕಣ್ಣು ತೆರೆದಾಗ ಆತ ಬೇರೊಂದು ಗ್ರಹದಲ್ಲಿ ಕೇಮಿನ್ ಎಂಬ ಕಮ್ಮಾರ. ಹೆಂಡತಿಯಿದ್ದಾಳೆ. ಮೊದಲು ಪ್ರತಿಭಟಿಸುತ್ತಾನೆ, ಕ್ರಮೇಣ ಒಗ್ಗುತ್ತಾನೆ. ಮಕ್ಕಳಾಗುತ್ತಾರೆ, ಕೊಳಲು ಕಲಿಯುತ್ತಾನೆ, ಹೆಂಡತಿ ತೀರಿಕೊಳ್ಳುತ್ತಾಳೆ, ಮೊಮ್ಮಗ ಆಡುತ್ತಾನೆ. ಊರಿಗೆ ಬರಗಾಲ ಬಂದಿದೆ, ಏಕೆಂದರೆ ಅವರ ಸೂರ್ಯನೇ ಸಾಯುತ್ತಿದ್ದಾನೆ. ಸುಮಾರು ನಲವತ್ತು ವರ್ಷಗಳ ಈ ಬಾಳು ಮುಗಿದಾಗ ನೌಕೆಯಲ್ಲಿ ಕಳೆದದ್ದು ಅರ್ಧ ಗಂಟೆಯೂ ಅಲ್ಲ. ಸಾವಿರ ವರ್ಷಗಳ ಹಿಂದೆ ಅಳಿದ ಆ ಜನ, ತಮ್ಮನ್ನು ಯಾರಾದರೊಬ್ಬರು ನೆನಪಿಟ್ಟುಕೊಳ್ಳಲೆಂದು ಈ ಯಂತ್ರವನ್ನು ಆಕಾಶಕ್ಕೆ ಕಳುಹಿಸಿದ್ದರು. ಯಂತ್ರದೊಳಗೆ ಸಿಕ್ಕಿದ್ದು ಒಂದು ಕೊಳಲು. ಪಿಕಾರ್ಡ್ ಅದನ್ನು ಎದೆಗಪ್ಪಿ ಒಂಟಿಯಾಗಿ ನುಡಿಸುವಲ್ಲಿಗೆ ಕಂತು ಮುಗಿಯುತ್ತದೆ.

ಈ ಕಂತಿಗೆ 1993ರಲ್ಲಿ ವಿಜ್ಞಾನ ಕಥಾಲೋಕದ ಪ್ರತಿಷ್ಠಿತ ಹ್ಯೂಗೊ ಪ್ರಶಸ್ತಿ ಬಂತು. ಇದರಲ್ಲಿ ಶತ್ರುವಿಲ್ಲ, ಯುದ್ಧವಿಲ್ಲ. ಆದರೆ ಇದು ಬೇರಾವ ಧಾರಾವಾಹಿಯಲ್ಲೂ ನಡೆಯಲಾರದ ಕಥೆ. ಒಂದು ನಾಗರಿಕತೆಯ ಅಳಿವನ್ನು ಅಂಕಿಸಂಖ್ಯೆಯಲ್ಲಿ ಹೇಳಿದರೆ ಮನಸ್ಸಿಗೆ ತಟ್ಟುವುದಿಲ್ಲ. ಅದನ್ನು ಒಂದು ಮನೆಯ ಅಂಗಳದಲ್ಲಿ, ಒಣಗುತ್ತಿರುವ ಒಂದು ಗಿಡದಲ್ಲಿ ತೋರಿಸಿದಾಗ ತಟ್ಟುತ್ತದೆ. ಇಲ್ಲಿ ವಿಜ್ಞಾನದ ಕಲ್ಪನೆ ಮಾಡಿರುವ ಕೆಲಸವೆಂದರೆ ಒಬ್ಬ ಪರಕೀಯನನ್ನು ಆ ಮನೆಯ ಯಜಮಾನನನ್ನಾಗಿ ಮಾಡಿದ್ದು.

1989ರ 'ದ ಮೆಷರ್ ಆಫ್ ಎ ಮ್ಯಾನ್' ಕೂಡ ಹೀಗೆಯೇ. ಬರೆದವರು ವಕೀಲೆಯಾಗಿದ್ದ ಮೆಲಿಂಡಾ ಸ್ನಾಡ್‌ಗ್ರಾಸ್. ನೌಕೆಯ ಅಧಿಕಾರಿ ಡೇಟಾ ಒಬ್ಬ ಯಂತ್ರಮಾನವ. ಆತನನ್ನು ಬಿಚ್ಚಿ ಅಧ್ಯಯನ ಮಾಡಬೇಕೆಂದು ಒಬ್ಬ ವಿಜ್ಞಾನಿ ಬರುತ್ತಾನೆ. ಡೇಟಾ ಒಪ್ಪುವುದಿಲ್ಲ. ಒಪ್ಪದಿರುವ ಹಕ್ಕು ಆತನಿಗಿದೆಯೇ, ಅಥವಾ ಆತ ಕೇವಲ ಇಲಾಖೆಯ ಆಸ್ತಿಯೇ ಎಂಬ ಪ್ರಶ್ನೆ ವಿಚಾರಣೆಗೆ ಬರುತ್ತದೆ. ವೂಪಿ ಗೋಲ್ಡ್‌ಬರ್ಗ್ ಎಂಬ ಕಪ್ಪು ಕಲಾವಿದೆ ಅಭಿನಯಿಸಿದ ಪಾತ್ರವೊಂದು, ಇದು ಗುಲಾಮಗಿರಿಯ ಪ್ರಶ್ನೆಯೆಂದು ಪಿಕಾರ್ಡ್‌ಗೆ ಮೆಲ್ಲನೆ ಅರಿವು ಮೂಡಿಸುತ್ತದೆ. ಡೇಟಾಗೆ ಆತ್ಮವಿದೆಯೋ ಇಲ್ಲವೋ ಹೇಳಲು ತನಗೆ ಅರ್ಹತೆಯಿಲ್ಲ, ಆದರೆ ಅದನ್ನು ಹುಡುಕಿಕೊಳ್ಳುವ ಸ್ವಾತಂತ್ರ್ಯ ಆತನಿಗಿರಬೇಕು ಎಂದು ನ್ಯಾಯಾಧೀಶೆ ತೀರ್ಪು ನೀಡುತ್ತಾಳೆ. ಒಬ್ಬನನ್ನು 'ಯಾರು' ಎಂದು ಕೇಳಬೇಕೋ 'ಏನು' ಎಂದು ಕೇಳಬೇಕೋ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಯಾವುದಿದೆ?

ಇಲ್ಲಿಯೇ ನಮ್ಮದೊಂದು ಆಕ್ಷೇಪವನ್ನೂ ಹೇಳಬೇಕು. ಡೇಟಾನನ್ನು 'ಯಾರು' ಎಂದು ಕೇಳಿದ ಈ ಧಾರಾವಾಹಿ ನೌಕೆಯ ಹೊರಗಿನವರನ್ನು ಅನೇಕ ಸಲ 'ಏನು' ಎಂದಷ್ಟೇ ನೋಡಿತು. ಕ್ಲಿಂಗನ್ನರು ಕಾದಾಟದವರು, ರೊಮ್ಯುಲನ್ನರು ಕುಟಿಲರು, ಫೆರಂಗಿಗಳು ಹಣದಾಸೆಯವರು. ಒಂದು ಇಡೀ ಜನಾಂಗಕ್ಕೆ ಒಂದೇ ಸ್ವಭಾವ. ನಮ್ಮ ನೌಕೆಯ ಒಬ್ಬೊಬ್ಬರಿಗೂ ಒಂದೊಂದು ಬಾಲ್ಯ, ಒಂದೊಂದು ನೋವು, ಒಂದೊಂದು ಕಂತು. ಎದುರಿನವರಿಗೆ ಒಂದು ಮುಖವಾಡ ಮಾತ್ರ. ಅಭಿಮಾನಿಗಳು ಪಾತ್ರಪ್ರಧಾನ ಕಂತುಗಳನ್ನು ಮೆಚ್ಚುವಾಗ ಈ ಹಂಚಿಕೆಯನ್ನು ಗಮನಿಸುವುದು ಕಡಿಮೆ. ಪಾತ್ರವಾಗುವ ಭಾಗ್ಯ ಯಾರಿಗೆ ದಕ್ಕಿದೆ, ಯಾರಿಗೆ ದಕ್ಕಿಲ್ಲ?

ಇದನ್ನು ತಿದ್ದಲು ಗಂಭೀರವಾಗಿ ಯತ್ನಿಸಿದ್ದು 1993ರಿಂದ 1999ರ ತನಕ ಬಂದ 'ಡೀಪ್ ಸ್ಪೇಸ್ ನೈನ್'. ಇದು ಚಲಿಸುವ ನೌಕೆಯ ಕಥೆಯಲ್ಲ, ಒಂದೆಡೆ ನಿಂತ ನಿಲ್ದಾಣದ ಕಥೆ. ಬೇಜೋರ್ ಎಂಬ ಗ್ರಹ ಸುಮಾರು ಐವತ್ತು ವರ್ಷ ಕಾರ್ಡೇಸಿಯನ್ನರ ಆಕ್ರಮಣದಲ್ಲಿ ನರಳಿ ಆಗಷ್ಟೇ ಬಿಡುಗಡೆಗೊಂಡಿದೆ. ಕೀರಾ ಎಂಬಾಕೆ ಪ್ರತಿರೋಧದಲ್ಲಿ ಶಸ್ತ್ರ ಹಿಡಿದವಳು, ಈಗ ನಿಲ್ದಾಣದ ಅಧಿಕಾರಿ. 1993ರ ಜೂನ್‌ನ 'ಡ್ಯುಯೆಟ್' ಕಂತು ಆಕೆಯದು. ಇದೂ ಹಣ ಉಳಿಸಲೆಂದು ಮಾಡಿದ ಕಂತು. ಚಿತ್ರಕಥೆ ಪೀಟರ್ ಅಲನ್ ಫೀಲ್ಡ್ಸ್ ಅವರದು, 'ದ ಇನ್ನರ್ ಲೈಟ್' ಬರೆದವರಲ್ಲೂ ಅವರೊಬ್ಬರು.

ಕಾರ್ಡೇಸಿಯನ್ ರೋಗಿಯೊಬ್ಬ ನಿಲ್ದಾಣಕ್ಕೆ ಬರುತ್ತಾನೆ. ಆತನಿಗಿರುವ ಕಾಯಿಲೆ ಗಲಿಟೆಪ್ ಎಂಬ ಕ್ರೂರ ದುಡಿಮೆ ಶಿಬಿರದ ಅಪಘಾತದಲ್ಲಿದ್ದವರಿಗೆ ಮಾತ್ರ ತಗಲಿದ್ದು. ಕೀರಾ ಬಂಧಿಸುತ್ತಾಳೆ. ತಾನು ಬರಿಯ ಕಡತಗಳ ಗುಮಾಸ್ತ ಎನ್ನುತ್ತಾನೆ. ಆಮೇಲೆ ತಾನೇ ಆ ಶಿಬಿರದ ಅಧಿಪತಿಯೆಂದು ಮೆರೆಯುತ್ತಾನೆ, ಹತ್ಯೆಗಳನ್ನು ಹೆಮ್ಮೆಯಿಂದ ವರ್ಣಿಸುತ್ತಾನೆ. ಕೀರಾಳ ರಕ್ತ ಕುದಿಯುತ್ತದೆ. ಆದರೆ ತನಿಖೆ ಬೇರೆಯೇ ಹೇಳುತ್ತದೆ. ಅಧಿಪತಿ ಸತ್ತು ಆರು ವರ್ಷಗಳಾಗಿವೆ. ಈತ ನಿಜಕ್ಕೂ ಗುಮಾಸ್ತನೇ. ರಾತ್ರಿ ಕೈದಿಗಳ ಚೀರಾಟ ಕೇಳಲಾರದೆ ಕಿವಿ ಮುಚ್ಚಿಕೊಂಡು ಅಳುತ್ತಿದ್ದ ಹೇಡಿ ತಾನು ಎಂದು ಕುಸಿಯುತ್ತಾನೆ. ಅಧಿಪತಿಯ ಮುಖವನ್ನು ತನ್ನ ಮುಖಕ್ಕೆ ಬರಿಸಿಕೊಂಡು ಬಂದಿದ್ದು ಗಲ್ಲಿಗೇರಲು. ತನ್ನ ವಿಚಾರಣೆಯ ನೆಪದಲ್ಲಾದರೂ ತನ್ನ ದೇಶ ತಪ್ಪೊಪ್ಪಿಕೊಳ್ಳಲಿ ಎಂಬುದು ಆತನ ಹಂಬಲ.

ಕೀರಾ ಆತನನ್ನು ಬಿಡುತ್ತಾಳೆ. ಇಬ್ಬರೂ ಜೊತೆಯಲ್ಲಿ ನಡೆದು ಬರುವಾಗ ಒಬ್ಬ ಬೇಜೋರನ್ ಹಿಂದಿನಿಂದ ಚೂರಿ ಹಾಕುತ್ತಾನೆ. ಏಕೆಂದು ಕೇಳಿದರೆ ಆತ ಕಾರ್ಡೇಸಿಯನ್ ಅಲ್ಲವೇ, ಅಷ್ಟು ಸಾಲದೇ ಎನ್ನುತ್ತಾನೆ. ಸಾಲದು ಎನ್ನುತ್ತಾಳೆ ಕೀರಾ. ಕಂತಿನ ಆರಂಭದಲ್ಲಿ ಅದು ಸಾಕೆಂದು ನಂಬಿದ್ದವಳು ಆಕೆಯೇ. ಒಂದು ಜನಾಂಗದ ಮೇಲಿನ ದ್ವೇಷ ನ್ಯಾಯದಿಂದ ವಿಮುಖರಾಗಲು ಕಾರಣವಾಗಕೂಡದೆಂಬ ಕುರ್‌ಆನಿನ ಎಚ್ಚರಿಕೆಯನ್ನು ಬಲ್ಲ ಓದುಗರಿಗೆ ಈ ದೃಶ್ಯದ ತೂಕ ಬೇಗ ತಿಳಿದೀತು. ಗಮನಿಸಬೇಕಾದ ಅಂಶವೆಂದರೆ ಕಥೆ ಆಕ್ರಮಣವನ್ನು ಎಲ್ಲಿಯೂ ಹಗುರಗೊಳಿಸುವುದಿಲ್ಲ. ಗುಮಾಸ್ತನ ಕಣ್ಣೀರು ಶಿಬಿರದ ಪಾಪವನ್ನು ತೊಳೆಯುವುದೂ ಇಲ್ಲ. ಕೀರಾ ಬಿಡುವುದು ಅಪರಾಧಿಯನ್ನಲ್ಲ, ಆ ಅಪರಾಧವನ್ನು ಮಾಡದವನನ್ನು. ಕ್ಷಮೆಗೂ ನ್ಯಾಯಕ್ಕೂ ಇರುವ ಈ ಅಂತರವನ್ನು ಕಂತು ಕೊನೆತನಕ ಕಾಯ್ದುಕೊಂಡಿದೆ.

ಅದೇ ನಿಲ್ದಾಣದ ವೈದ್ಯ ಡಾ. ಜೂಲಿಯನ್ ಬಶೀರ್. ಅಭಿನಯಿಸಿದವರು 1965ರಲ್ಲಿ ಸುಡಾನಿನಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ಬೆಳೆದ ಸಿದ್ದೀಗ್ ಅಲ್ ಫಾದಿಲ್. 1995ರಿಂದ ಅವರು ಅಲೆಕ್ಸಾಂಡರ್ ಸಿದ್ದೀಗ್ ಎಂಬ ಹೆಸರಿನಲ್ಲಿ ಕಾಣಿಸಿಕೊಂಡರು. 1997ರ ಫೆಬ್ರವರಿಯ ಕಂತೊಂದರಲ್ಲಿ ಬಶೀರನ ತಂದೆತಾಯಿ ಬರುತ್ತಾರೆ. ಬರೆದವರು ಮತ್ತೆ ರೊನಾಲ್ಡ್ ಮೂರ್. ಚುರುಕಾದ ಈ ವೈದ್ಯ ಬಾಲ್ಯದಲ್ಲಿ ಶಾಲೆಯಲ್ಲಿ ತೀರಾ ಹಿಂದುಳಿದ ಮಗುವಾಗಿದ್ದ. ತಂದೆತಾಯಿ ಕಾನೂನು ಮೀರಿ ಆತನ ವಂಶವಾಹಿಗಳನ್ನು ಬದಲಿಸಿದ್ದರು. ನಿಮಗೆ ನನ್ನ ಬಗ್ಗೆ ನಾಚಿಕೆಯಿತ್ತು ಎಂದು ಮಗ ಸಿಡಿಯುತ್ತಾನೆ. ನಾಚಿಕೆಯಲ್ಲ, ಮಗು ದಿನದಿನವೂ ಹಿಂದೆ ಬೀಳುವುದನ್ನು ನೋಡುತ್ತ ತಪ್ಪು ತಮ್ಮದೇ ಇರಬಹುದೇ ಎಂದು ಕೊರಗುವ ಸಂಕಟ ಅದು ಎಂದು ತಾಯಿ ಉತ್ತರಿಸುತ್ತಾಳೆ. ಮಗನ ಉದ್ಯೋಗ ಉಳಿಸಲು ತಂದೆ ಎರಡು ವರ್ಷ ಸೆರೆಮನೆಗೆ ಹೋಗಲು ಒಪ್ಪುತ್ತಾನೆ. ಅಲ್ಲಿಯ ತನಕ ಬಡಾಯಿಕೋರನಾಗಿ ಕಂಡ ಆ ತಂದೆ ಒಮ್ಮೆಲೇ ಎತ್ತರಕ್ಕೇರುತ್ತಾನೆ. ತಾಯಿಯ ಪಾತ್ರ ಮಾಡಿದವರು ಈಜಿಪ್ಟ್ ಮೂಲದ ಮಾನವಶಾಸ್ತ್ರಜ್ಞೆ ಫದ್ವಾ ಅಲ್ ಗುಯಿಂದಿ. ಮುಸ್ಲಿಮ್ ಸ್ತ್ರೀಯರ ಪರ್ದಾ ಕುರಿತ ಅವರ ಅಧ್ಯಯನ ಗ್ರಂಥ 1999ರಲ್ಲಿ ಪ್ರಕಟವಾಯಿತು.

ಬಶೀರನಿಗೆ ಅರಬಿ ಹೆಸರಿದೆ, ಆದರೆ ಆ ಹೆಸರಿನ ಹಿಂದಿನ ನಂಬಿಕೆಯಾಗಲಿ ಸಂಸ್ಕೃತಿಯಾಗಲಿ ಕಥೆಯಲ್ಲಿಲ್ಲ. ಬೇಜೋರನ್ನರ ಧರ್ಮವನ್ನು ಅಷ್ಟು ಗೌರವದಿಂದ ಚಿತ್ರಿಸಿದವರು ಭೂಮಿಯ ಧರ್ಮಗಳನ್ನು ಮರೆತೇಬಿಟ್ಟರು. ಇದು ಕೊರತೆಯೇ. ಆದರೂ ಆ ಹೆಸರಿನ ಒಬ್ಬ ಮನುಷ್ಯ ಅಮೆರಿಕದ ಟಿ.ವಿ.ಯಲ್ಲಿ ಏಳು ವರ್ಷ ಜಂಭದ, ತಮಾಷೆಯ, ಗೆಳೆಯರ ಜೊತೆ ಆಟವಾಡುವ, ತಪ್ಪು ಮಾಡುವ ವೈದ್ಯನಾಗಿ ಇದ್ದನೆಂಬುದು ಸಣ್ಣ ವಿಷಯವಲ್ಲ. ಆತ ಯಾರ ಪ್ರತಿನಿಧಿಯೂ ಆಗಬೇಕಿರಲಿಲ್ಲ. 2001ರ ನಂತರದ ಜಗತ್ತಿನಲ್ಲಿ, 2007ರಲ್ಲಿ, ಇದೇ ಕಲಾವಿದ '24' ಧಾರಾವಾಹಿಯಲ್ಲಿ ಕಾಣಿಸಿಕೊಂಡಾಗ ಅವರಿಗೆ ಸಿಕ್ಕಿದ್ದು ಹಿಂಸೆ ತೊರೆದು ಶಾಂತಿ ಬಯಸುವ ಮಾಜಿ ಉಗ್ರನ ಪಾತ್ರ. ಕೆಟ್ಟ ಪಾತ್ರವೇನಲ್ಲ. ಆದರೆ ಅಲ್ಲಿ ಒಳ್ಳೆಯವನೆಂದು ಸಾಬೀತುಪಡಿಸುವುದೇ ಆತನ ಕೆಲಸ. ಇಪ್ಪತ್ತನಾಲ್ಕನೆಯ ಶತಮಾನದ ಕಥೆಯಲ್ಲಿ ಸಿಕ್ಕಿದ್ದ ಸಾಮಾನ್ಯ ಮನುಷ್ಯನಾಗಿರುವ ಸೌಲಭ್ಯ ನಮ್ಮ ಶತಮಾನದ ಕಥೆಯಲ್ಲಿ ಸಿಗಲಿಲ್ಲ.

ಪಾತ್ರಪ್ರಧಾನ ಕಂತುಗಳ ಮೇಲಿನ ಪ್ರೀತಿಯನ್ನು ನಾವು ಗೌರವಿಸುವುದು ಈ ಕಾರಣಕ್ಕೆ. ಒಬ್ಬನಿಗೆ ಮನೆ, ತಾಯಿ, ನಾಚಿಕೆ, ಕೊಳಲು ಇವೆಯೆಂದು ತಿಳಿದ ಮೇಲೆ ಆತನನ್ನು ಗುಂಪಿನ ಹೆಸರಿನಿಂದ ಮಾತ್ರ ಕರೆಯುವುದು ಕಷ್ಟವಾಗುತ್ತದೆ. ಈ ಪ್ರೀತಿಯ ಬಗ್ಗೆ ನಮಗಿರುವ ಅಸಮಾಧಾನವೂ ಇಲ್ಲಿಂದಲೇ ಹುಟ್ಟಿದ್ದು. ನಮ್ಮ ನೌಕೆಯವರ ಕಣ್ಣೀರಿಗೆ ಕರಗುವುದು ಸುಲಭ. ಎದುರು ನೌಕೆಯಲ್ಲಿ ಕಿವಿ ಮುಚ್ಚಿಕೊಂಡು ಕೂತ ಗುಮಾಸ್ತನಿಗೂ ಒಂದು ಕಂತು ಬೇಕೆಂದು ಕೇಳುವ ಅಭಿಮಾನಿಯೇ ಈ ಕಥೆಗಳನ್ನು ಸರಿಯಾಗಿ ನೋಡಿದವನು.