ಆಫ್ ಸೀಸನ್ ಅಂದ್ರೆ ಯಾರಿಗೆ?

ಜೂನ್ ಎರಡನೇ ವಾರ ಬಂತು ಅಂದ್ರೆ ಫೋನಿನ ತುಂಬಾ ಒಂದೇ ಥರದ ವಿಡಿಯೋಗಳು. ಡ್ರೋನು ಮೇಲಿನಿಂದ ನಿಧಾನಕ್ಕೆ ಇಳಿಯುತ್ತೆ. ಕೆಳಗೆ ಗೋಕರ್ಣದ ಓಂ ಬೀಚು, ಇಲ್ಲಾ ಮರವಂತೆ, ಇಲ್ಲಾ ಗೋವಾದ ಯಾವುದೋ ಹಳೇ ಕೋಟೆ ಗೋಡೆ. ಕಪ್ಪು ಮೋಡ, ಹಸಿರು ಗುಡ್ಡ, ಬಿಳೀ ನೊರೆ. ಆಮೇಲೆ ಒಂದು ಕೈ, ಕೈಯಲ್ಲಿ ಚಹಾ ಲೋಟ, ಲೋಟದ ಹಿಂದೆ ಮಂಜು. ಕೊನೆಗೆ ಬೆನ್ನು ತೋರಿಸಿಕೊಂಡು ಕಡಲಿನ ಕಡೆ ನಡೆಯೋ ಒಬ್ಬ ಹುಡುಗ ಅಥವಾ ಹುಡುಗಿ. ಹಿನ್ನೆಲೆಯಲ್ಲಿ ಒಂದು ಹಳೇ ಹಾಡು, ಸ್ವಲ್ಪ ನಿಧಾನ ಮಾಡಿದ್ದು. 'ಆಫ್ ಸೀಸನ್‌ನಲ್ಲಿ ಬನ್ನಿ, ರೂಮು ಅರ್ಧ ರೇಟು, ಬೀಚಲ್ಲಿ ನೀವೊಬ್ಬರೇ.'

ಇದನ್ನ ಸುಮ್ಮನೆ ಬೆರಳಲ್ಲಿ ಮೇಲೆ ತಳ್ಳಿ ಮುಂದೆ ಹೋಗಬಹುದು. ಆದರೆ ನಮ್ಮ ಟೀಮಿನಲ್ಲಿ ಪ್ರತಿ ವರ್ಷ ಯಾರೋ ಒಬ್ಬರು ಇದನ್ನ ನೋಡಿಯೇ ಶುಕ್ರವಾರ ರಾತ್ರಿ ಬಸ್ಸು ಬುಕ್ ಮಾಡ್ತಾರೆ. ಒಂದು ಸಿನಿಮಾಗಿಂತ ಹೆಚ್ಚು ಜನರನ್ನ ಎಬ್ಬಿಸಿ ಓಡಾಡಿಸೋ ಶಕ್ತಿ ಇದಕ್ಕಿದೆ. ಅಂದಮೇಲೆ ಸಿನಿಮಾಗೆ ಮಾಡೋ ಹಾಗೆ ಇದಕ್ಕೂ ಒಂದು ವಿಮರ್ಶೆ ಬೇಡವಾ?

ಮೊದಲನೇ ತಕರಾರು ಸಣ್ಣದು. ನಾವು ದುಡ್ಡು ಕೊಟ್ಟು ತಗೊಳ್ಳೋ ಡ್ರೋನುಗಳಲ್ಲಿ ಹೆಚ್ಚಿನವು ಮಳೆಯಲ್ಲಿ ಹಾರಲ್ಲ. ಮೋಟರಿಗೆ ನೀರು ಹೋದರೆ ಕೆಲಸ ಮುಗೀತು. ಅಂದ್ರೆ ಮಳೆಗಾಲದ ಕಡಲು ಅಂತ ತೋರಿಸ್ತಿರೋ ಡ್ರೋನ್ ದೃಶ್ಯವೆಲ್ಲ ಮಳೆ ನಿಂತಾಗ ತೆಗೆದದ್ದು! ಎರಡು ಮಳೆಗಳ ನಡುವಿನ ಇಪ್ಪತ್ತು ನಿಮಿಷದ ಹೊಳವನ್ನ ಹಿಡಿದು ಅದನ್ನೇ ನಾಲ್ಕು ತಿಂಗಳು ಅಂತ ನಮಗೆ ಮಾರ್ತಿದಾರೆ. ಬೆಂಗಳೂರಲ್ಲಿ ವರ್ಷವಿಡೀ ಬೀಳೋ ಮಳೆ ಸುಮಾರು 970 ಮಿಲಿಮೀಟರು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಒಳಗೇ 3,000 ದಾಟುತ್ತೆ. ಅಂಥ ಮಳೆ ಹುಯ್ಯುವಾಗ ಕಡಲು ಕಾಣೋದೇ ಇಲ್ಲ. ಸದ್ದು ಮಾತ್ರ ಕೇಳುತ್ತೆ, ಎದುರಿಗೆ ಬೂದುಬಣ್ಣದ ಗೋಡೆ. ಬಟ್ಟೆ ಒಣಗಲ್ಲ, ಚಪ್ಪಲಿ ಒಳಗೆ ಬೂಷ್ಟು, ಕರೆಂಟು ಹೋದರೆ ಯಾವಾಗ ಬರುತ್ತೋ ಹೇಳೋಕಾಗಲ್ಲ. ಇದ್ಯಾವುದೂ ರೀಲಿನಲ್ಲಿಲ್ಲ.

ಬಣ್ಣವೂ ಸುಳ್ಳು. ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ, ಎಲ್ಲ ಘಟ್ಟದ ಮಣ್ಣು ಹೊತ್ತುಕೊಂಡು ಬಂದು ಸುರಿಯೋ ಕಾಲ ಇದು. ಜುಲೈಯಲ್ಲಿ ದಡದ ನೀರು ನೀಲಿ ಇರಲ್ಲ, ಹಾಲು ಕಮ್ಮಿ ಹಾಕಿದ ಚಹಾದ ಬಣ್ಣ ಇರುತ್ತೆ. ಎಡಿಟಿಂಗ್ ಆಪಿನಲ್ಲಿ ಅದನ್ನ ನೀಲಿ ಹಸಿರು ಮಾಡ್ತಾರೆ. ಮರಳೂ ಅಷ್ಟೆ. ಚಳಿಗಾಲದ ಫೋಟೋದಲ್ಲಿ ಕಾಣೋ ಅಗಲವಾದ ಬೀಚು ಮಳೆಗಾಲದಲ್ಲಿ ಇರೋದಿಲ್ಲ. ದೊಡ್ಡ ಅಲೆಗಳು ಆ ಮರಳನ್ನ ಎಳಕೊಂಡು ಹೋಗಿ ಸ್ವಲ್ಪ ದೂರದಲ್ಲಿ ನೀರಡಿಯ ದಿಬ್ಬ ಮಾಡಿಟ್ಟಿರ್ತವೆ. ಮಳೆ ತಗ್ಗಿದ ಮೇಲೆ ಸಣ್ಣ ಅಲೆಗಳು ನಿಧಾನಕ್ಕೆ ಅದನ್ನ ವಾಪಸ್ ತಂದು ಹಾಕ್ತವೆ. ನಮ್ಮ ಭಾಷೇಲಿ ಹೇಳಬೇಕಂದ್ರೆ ಸರ್ವರು ಮೇಂಟೆನೆನ್ಸಿಗೆ ಹೋಗಿದೆ. ನಾವು ಅದೇ ಹೊತ್ತಲ್ಲಿ ಲಾಗಿನ್ ಆಗ್ತೀವಿ ಅಂತ ಹಟ ಹಿಡಿದಿದೀವಿ.

ಈ ರುಚಿ ನಮಗೆ ಬಂದದ್ದೆಲ್ಲಿಂದ? ನನ್ನ ಅನುಮಾನ ಕನ್ನಡ ಸಿನಿಮಾದ ಮೇಲೆ. 2006ರ ಕೊನೇಲಿ 'ಮುಂಗಾರು ಮಳೆ' ಬಂದಾಗ ನನ್ನ ವಯಸ್ಸಿನವರೆಲ್ಲ ಕಾಲೇಜಿನ ಆಸುಪಾಸಿನಲ್ಲಿದ್ದೆವು. ಯೋಗರಾಜ ಭಟ್ಟರು ಮಳೆಯನ್ನ ಒಂದು ಪಾತ್ರ ಮಾಡಿಬಿಟ್ಟರು. ಜೋಗದ ನೆತ್ತಿ ಮೇಲಿನ ಆ ದೃಶ್ಯ ಇವತ್ತಿಗೂ ಕಣ್ಣಲ್ಲಿದೆ. ಒಳ್ಳೇ ಸಿನಿಮಾ, ಅದರ ಬಗ್ಗೆ ನನ್ನ ಜಗಳ ಇಲ್ಲ. ಆದರೆ ಅಲ್ಲಿಂದಾಚೆಗೆ ಮಳೆ ಅಂದ್ರೆ ಒಂದು ಭಾವನೆ ಆಗಿಹೋಯ್ತು. ನೆನೆಯೋದು ಅಂದ್ರೆ ಪ್ರೀತಿ, ಇಲ್ಲಾ ವಿರಹ. ಕಡಲು ಮೊದಲೇ ಭಾವನೆ. ಮಳೆಯ ಜೊತೆ ಕಡಲೂ ಸೇರಿದರೆ ಡಬಲ್ ಭಾವನೆ, ಅದೂ ಅರ್ಧ ರೇಟಿಗೆ. ನಾನು ಬಯಲುಸೀಮೆಯ ಹಳ್ಳಿಯವನು. ನಮ್ಮ ಕಡೆ ಮಳೆ ಬಂದರೆ ನೋಡೋಕೆ ಅಂತ ಯಾರೂ ಬಸ್ಸು ಹತ್ತಿ ಬರಲ್ಲ. ಬಂದದ್ದು ಮೃಗಶಿರವೋ ಆರಿದ್ರವೋ, ಹದವಾಯ್ತಾ ಇಲ್ಲವಾ, ಬಿತ್ತಬಹುದಾ, ಇಷ್ಟೇ ಮಾತು. ಹಾಗಾಗಿ ಮಳೆ ಅಂದ್ರೆ ಕೆಲಸದ ಲೆಕ್ಕ ಅನ್ನೋ ಅಭ್ಯಾಸ ನನ್ನಿಂದ ಹೋಗಿಲ್ಲ, ರಸಿಕತೆ ಕಮ್ಮಿ ಅಂತ ಬೇಕಾದರೆ ಅಂದುಕೊಳ್ಳಿ.

ಈ ರೀಲುಗಳಿಗೆ ಎದುರಾಗಿ ಇನ್ನೊಂದು ಪ್ರಕಾರ ಇದೆ, ಅದು ಸುದ್ದಿ ಚಾನೆಲ್ಲಿನದು. 'ಪ್ರವಾಸಿಗರ ಹುಚ್ಚಾಟ', 'ಎಚ್ಚರಿಕೆ ಲೆಕ್ಕಿಸದೆ ನೀರಿಗಿಳಿದ ಯುವಕರು', 'ಸುಳಿಗೆ ಸಿಲುಕಿ ಸಾವು'. ಕೆಂಪು ವೃತ್ತ, ಬಾಣದ ಗುರುತು, ಎದೆ ಬಡಿತದ ಸಂಗೀತ. ವಿಚಿತ್ರ ಏನಂದ್ರೆ ಎರಡೂ ಕಡೆ ಒಂದೇ ದೃಶ್ಯ. ಬಂಡೆಗೆ ಅಪ್ಪಳಿಸಿ ಮೇಲೇಳೋ ಅದೇ ಅಲೆ ಅಲ್ಲಿ ರೊಮ್ಯಾನ್ಸು, ಇಲ್ಲಿ ರೌದ್ರ. ಆ ಅಲೆ ಹೇಗೆ ಕೆಲಸ ಮಾಡುತ್ತೆ ಅಂತ ಎರಡೂ ಕಡೆ ಯಾರೂ ಹೇಳಲ್ಲ.

'ಸುಳಿ' ಅನ್ನೋ ಪದವನ್ನೇ ತಗೊಳ್ಳಿ. ಪತ್ರಿಕೆಯಲ್ಲಿ ಓದಿದವರ ತಲೇಲಿ ಏನು ಬರುತ್ತೆ? ಗಿರಗಿರ ತಿರುಗೋ, ಒಳಗೆ ಎಳೆಯೋ ನೀರು. ಅಂಥದ್ದು ಎದುರಿಗೆ ಕಾಣಲಿಲ್ಲ ಅಂದ್ರೆ ಜಾಗ ಸುರಕ್ಷಿತ ಅಂದುಕೊಳ್ತಾರೆ. ಆದರೆ ನಮ್ಮ ಬೀಚುಗಳಲ್ಲಿ ಜನರನ್ನ ಎಳಕೊಂಡು ಹೋಗೋದು ಹೆಚ್ಚಾಗಿ ರಿಪ್ ಕರೆಂಟು. ಅದು ತಿರುಗಲ್ಲ, ಕೆಳಗೂ ಎಳೆಯಲ್ಲ. ಅಲೆಗಳು ದಡಕ್ಕೆ ತಳ್ಳಿದ ನೀರು ವಾಪಸ್ ಹೋಗಲೇಬೇಕಲ್ಲ? ಆಗಲೇ ಹೇಳಿದೆನಲ್ಲ, ನೀರಡಿಯ ಮರಳ ದಿಬ್ಬ, ಅದರಲ್ಲಿ ಎಲ್ಲೋ ಒಂದು ಕಡೆ ಸಂದು ಇರುತ್ತೆ. ನೀರೆಲ್ಲ ಆ ಸಂದು ಹಿಡಿದು ಹೊಳೆಯ ಹಾಗೆ ಕಡಲಿನ ಕಡೆ ನುಗ್ಗುತ್ತೆ. ಮೋಸ ಇರೋದು ಇಲ್ಲಿ: ಆ ಸಂದಿನ ಮೇಲೆ ನೀರು ಆಳ, ಆದ್ದರಿಂದ ಅಲೆ ಅಲ್ಲಿ ಒಡೆಯೋದು ಕಮ್ಮಿ. ಅಕ್ಕಪಕ್ಕದಲ್ಲಿ ನೊರೆ, ನಡುವೆ ಒಂದು ಪಟ್ಟಿ ಮಾತ್ರ ಶಾಂತ. ಈಜು ಬರದವನು 'ಇಲ್ಲಿ ಅಲೆ ಕಮ್ಮಿ' ಅಂತ ಸೀದಾ ಅದೇ ಪಟ್ಟಿಗೆ ಇಳೀತಾನೆ. ಸಿಕ್ಕಿಕೊಂಡವನು ದಡಕ್ಕೆ ಮುಖ ಮಾಡಿ ಪ್ರವಾಹಕ್ಕೆ ಎದುರಾಗಿ ಈಜೋಕೆ ಹೋಗಿ ಸುಸ್ತಾಗ್ತಾನೆ, ಸಾಯಿಸೋದು ಆ ಸುಸ್ತು. ತೇಲಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಪಟ್ಟಿಯಿಂದ ಹೊರಗೆ ಬರಬಹುದು. ಇದು ಡಿಸೆಂಬರ್ ಜನವರಿಯ ಮಾತು ಮತ್ತೆ. ಜುಲೈಯ ಅಲೆಯಲ್ಲಿ ಈ ಉಪಾಯವನ್ನೇ ನಂಬಿಕೊಂಡು ಇಳಿಯೋದು ಬೇಡ. ಆಗ ಮೊಣಕಾಲುದ್ದ ನೀರೂ ಕಾಲಡಿಯ ಮರಳು ಕಿತ್ತು ಬೀಳಿಸುತ್ತೆ.

ಇಷ್ಟು ವಿಷಯವನ್ನ ಮೂವತ್ತು ಸೆಕೆಂಡಿನ ರೀಲಿನಲ್ಲಿ ಆರಾಮಾಗಿ ಹೇಳಬಹುದು. ಅದೇ ಡ್ರೋನಿನಿಂದ ನೋಡಿದರೆ ಆ ಪಟ್ಟಿ ಮೇಲಿನಿಂದ ಎದ್ದು ಕಾಣುತ್ತೆ ಕೂಡ. ಹಾಗೆ ಮಾಡಿದವರು ನನ್ನ ಫೋನಿಗಂತೂ ಇನ್ನೂ ಬಂದಿಲ್ಲ.

ಗೋವಾದವರು ನಮಗಿಂತ ಮೊದಲು ಮಳೆಯನ್ನ ಮಾರೋಕೆ ಶುರು ಮಾಡಿದವರು. ಅಲ್ಲಿ ಬೀಚಿನ ಶ್ಯಾಕುಗಳನ್ನ ಮೇ ಮುಗಿಯೋದರೊಳಗೆ ಬಿಚ್ಚಿಡ್ತಾರೆ. ಜೂನ್ 24ಕ್ಕೆ ಸಾವೋ ಜೋವಾವ್ ಹಬ್ಬ. ತಲೆಗೆ ಹೂವು ಬಳ್ಳಿಯ ಕೊಪೆಲ್ ಇಟ್ಟುಕೊಂಡು ಊರವರು ಎಲ್ಲಿಗೆ ಹಾರ್ತಾರೆ ಗೊತ್ತಾ? ಬಾವಿಗೆ. ಕೆರೆ ತೊರೆಗೆ. ತಲೆತಲಾಂತರದಿಂದ ಕಡಲ ಪಕ್ಕದಲ್ಲೇ ಇದ್ದ ಜನ ಆ ತಿಂಗಳು ನೀರಿಗೆ ಹಾರೋ ಹಬ್ಬವನ್ನ ಬಾವಿಯಲ್ಲಿ ಮಾಡ್ಕೋತಾರೆ! ಈಗ ಅದನ್ನೂ ರೆಸಾರ್ಟುಗಳು ಪೂಲ್ ಪಾರ್ಟಿ ಮಾಡಿ ಟಿಕೆಟ್ ಇಟ್ಟಿವೆ, ಇರಲಿ. ಆ ಹಬ್ಬದ ರೀಲು ನೋಡಿದವರು ಕೊಪೆಲ್ ಎಷ್ಟು ಚೆಂದ ಅಂತ ಕಮೆಂಟು ಹಾಕ್ತಾರೆ. ಬಾವಿ ಯಾಕೆ ಅಂತ ಕೇಳಲ್ಲ.

ನಮ್ಮ ರೈಲ್ವೆಯವರೂ ಈ ವಿಷಯದಲ್ಲಿ ರೀಲಿನವರಿಗಿಂತ ವಾಸಿ. ಕೊಂಕಣ ರೈಲ್ವೆಗೆ ಮಳೆಗಾಲಕ್ಕೇ ಬೇರೆ ವೇಳಾಪಟ್ಟಿ ಇದೆ, ಗಾಡಿಗಳ ವೇಗ ಕಮ್ಮಿ ಮಾಡ್ತಾರೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋ ಬೋಟುಗಳು ನಿಲ್ತವೆ. ಎಲ್ಲರೂ ಋತು ನೋಡಿ ಬದಲಾಗ್ತಾರೆ. ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಗ್ಗೆ ಸ್ಟ್ಯಾಂಡಪ್ ಮೀಟಿಂಗಿಗೆ ಹಾಜರಾಗಬೇಕಾದ ನಮ್ಮ ಪ್ಲಾನು ಮಾತ್ರ ಜನವರಿಯಲ್ಲೂ ಅದೇ, ಜುಲೈಯಲ್ಲೂ ಅದೇ.

ಈಗ ಆ ಚಹಾ ಲೋಟದ ವಿಷಯಕ್ಕೆ ಬರ್ತೀನಿ. ಹೆದ್ದಾರಿ ಪಕ್ಕದ ಗೂಡಂಗಡಿ, ಹಿಂದೆ ಮಂಜು ಕವಿದ ಗುಡ್ಡ, ಮುಂದೆ ಹೊಳೆ. 'ಮಾನ್ಸೂನ್ ಡ್ರೈವ್' ಅನ್ನೋ ರೀಲುಗಳಲ್ಲಿ ಈ ಶಾಟ್ ಇಲ್ಲದ್ದು ಅಪರೂಪ. 2024ರ ಜುಲೈ 16ರ ಬೆಳಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಇಂಥದ್ದೇ ಒಂದು ಜಾಗ ಇತ್ತು. ಒಂದು ಕಡೆ ಹೆದ್ದಾರಿ 66ಕ್ಕಾಗಿ ಬುಡ ಕಡಿದಿದ್ದ ಗುಡ್ಡ, ಇನ್ನೊಂದು ಕಡೆ ಗಂಗಾವಳಿ, ನಡುವೆ ಒಂದು ಚಹಾದಂಗಡಿ. ಲಾರಿಗಳು ನಿಂತಿದ್ದವು. ಗುಡ್ಡ ಕುಸಿದು ಅಂಗಡಿ, ಅದನ್ನ ನಡೆಸ್ತಿದ್ದ ಕುಟುಂಬ, ಲಾರಿಗಳು, ಎಲ್ಲವನ್ನೂ ಹೊಳೆಗೆ ತಳ್ಳಿತು. ಎದ್ದ ನೀರಿನ ಹೊಡೆತಕ್ಕೆ ಆಚೆ ದಡದ ಉಳುವರೆಯ ಮನೆಗಳೂ ಹೋದವು. ಕೇರಳದ ಒಬ್ಬ ಚಾಲಕನ ಲಾರಿ ಹೊಳೆಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ, ಎರಡು ತಿಂಗಳು ದಾಟಿದ ಮೇಲೆ. ಹುಬ್ಬಳ್ಳಿ ಕಡೆಯಿಂದ ಅಂಕೋಲಾ ಮೇಲೆ ಗೋಕರ್ಣಕ್ಕೆ ಹೋಗೋರೆಲ್ಲ ದಾಟೋ ದಾರಿ ಅದು. ಮುಂದಿನ ಮಳೆಗಾಲದಲ್ಲೂ ಮಂಜು, ಚಹಾ, ಗುಡ್ಡದ ರೀಲುಗಳು ಯಥಾಪ್ರಕಾರ ಬಂದವು, ಹಾಡು ಮಾತ್ರ ಹೊಸದು. ಆ ಶಾಟ್ ತೆಗೀಬಾರದು ಅಂತ ನಾನು ಹೇಳ್ತಿಲ್ಲ. ಆದರೆ ಆ ಗುಡ್ಡವನ್ನ ಬರೀ ಬ್ಯಾಕ್‌ಗ್ರೌಂಡ್ ಅಂತ ನೋಡೋದು ನನಗಿನ್ನು ಆಗಲ್ಲ.

ಹಾಗಂತ ಮಳೆಗಾಲದಲ್ಲಿ ಕರಾವಳಿಗೆ ಹೋಗಲೇಬಾರದಾ? ಹೋಗಬೇಕು. ಕಡಲಿಗೆ ಬೆನ್ನು ಹಾಕಿ ಊರಿನ ಕಡೆ ಮುಖ ಮಾಡಿದರೆ ನೋಡೋದಕ್ಕೆ ಬೇಕಾದಷ್ಟಿದೆ. ತುಳುನಾಡಿನಲ್ಲಿ ಅದು ಆಟಿ ತಿಂಗಳು. ಬೇಸಿಗೆಯಲ್ಲಿ ಮಾಡಿಟ್ಟ ಹಪ್ಪಳ ಸಂಡಿಗೆ, ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆ, ಒಣಮೀನು, ಎಲ್ಲ ಡಬ್ಬದಿಂದ ಹೊರಗೆ ಬರೋ ಹೊತ್ತು. ಪತ್ರೊಡೆ, ಕಣಿಲೆ ಪಲ್ಯ. ಆಟಿ ಅಮಾವಾಸ್ಯೆ ಬೆಳಗ್ಗೆ ಕುಡಿಯೋ ಹಾಳೆ ಮರದ ಕಷಾಯ ಎಷ್ಟು ಕಹಿ ಅಂದ್ರೆ ಅದನ್ನ ಯಾರೂ 'ಎಕ್ಸ್‌ಪೀರಿಯೆನ್ಸ್' ಅಂತ ಮಾರೋಕಾಗಲ್ಲ, ಅದೊಂದು ಸಮಾಧಾನ. ಇದು ಹಿಂದಿನವರ ಕಷ್ಟದ ತಿಂಗಳ ಊಟ. ಗದ್ದೆ ನಾಟಿ ಮುಗಿದು, ಕೈಯಲ್ಲಿ ಕಾಸಿಲ್ಲದೆ, ಹೊರಗೆ ಹೋಗೋಕೂ ಆಗದೆ ಕೂತವರು ಹಿತ್ತಿಲ ಸೊಪ್ಪು ಸದೆಯಿಂದ ಕಟ್ಟಿಕೊಂಡ ಅಡುಗೆ. ಅಷ್ಟು ಗೊತ್ತಿದ್ದು ತಿಂದರೆ ರುಚಿ ಬೇರೆ.

ಇನ್ನು ಆ 'ಆಫ್ ಸೀಸನ್' ಅನ್ನೋ ಪದ. ಶ್ಯಾಕಿನಲ್ಲಿ ತಟ್ಟೆ ಎತ್ತೋ ಹುಡುಗನಿಗೆ ಅದು ಸಂಬಳ ಇಲ್ಲದ ತಿಂಗಳು, ಊರಿಗೆ ಹೋಗೋ ಟಿಕೆಟ್ಟು. ನಮಗೆ ಡಿಸ್ಕೌಂಟು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಮೀನು ಮರಿ ಹಾಕೋ ಕಾಲ ಅಂತ ಒಂದು ಕಾರಣ, ಕಡಲು ಹೆದರಿಸುತ್ತೆ ಅನ್ನೋದು ಇನ್ನೊಂದು. ಮಲ್ಪೆ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರ್ತವೆ. ರೀಲಿನವನು ಅದನ್ನ ತೋರಿಸಿ 'ಕಡಲು ನಿದ್ದೆ ಮಾಡ್ತಿದೆ' ಅಂತ ಬರೀತಾನೆ.

ಆದರೆ ನಾಡದೋಣಿಯವರಿಗೆ ಸೀಸನ್ ಶುರುವಾಗೋದೇ ಆವಾಗ. ನಿಷೇಧ ಅವರಿಗಿಲ್ಲ, ದೊಡ್ಡ ಬೋಟುಗಳ ಪೈಪೋಟಿಯೂ ಇರಲ್ಲ. ಅವರು ಕಾಯೋದು ಹೊಳವಿಗೆ ಅಲ್ಲ, ತೂಫಾನಿಗೆ. ಒಂದು ಜೋರು ತೂಫಾನು ಎದ್ದು ಕಡಲನ್ನ ಬುಡಮಟ್ಟ ಕಲಕಿ ಇಳಿದರೆ ಸಿಗಡಿ ದಡದ ಹತ್ತಿರ ಬರುತ್ತೆ ಅನ್ನೋದು ಅವರ ಲೆಕ್ಕ. ತೂಫಾನು ಸರಿಯಾಗಿ ಏಳದ ವರ್ಷ ಬಲೆ ಮನೇಲೇ ಇರುತ್ತೆ. ಎದ್ದ ವರ್ಷ, ಕಡಲು ಸ್ವಲ್ಪ ಇಳಿದ ಬೆಳಗ್ಗೆ, ಮಾಟುಬಲೆಯವರು ಮೂವತ್ತು ನಲವತ್ತು ಜನ ಗುಂಪು ಕಟ್ಟಿಕೊಂಡು ದೋಣಿ ಇಳಿಸ್ತಾರೆ. ಅಲೆ ಒಡೆಯೋ ಸಾಲನ್ನ ದಾಟೋದೇ ದೊಡ್ಡ ಕೆಲಸ. ಎಣಿಸಿಕೊಂಡು, ಕಾದು, ಒಂದು ಸಂದು ನೋಡಿ ನುಗ್ಗಬೇಕು. ಎಲ್ಲ ಸಲವೂ ದಾಟಲ್ಲ, ದೋಣಿ ಮಗುಚಿ ಜನ ಹೋದ ಸುದ್ದಿ ಪ್ರತಿ ಮಳೆಗಾಲ ಒಳಪುಟದಲ್ಲಿ ಸಣ್ಣದಾಗಿ ಬರುತ್ತೆ, 'ಹುಚ್ಚಾಟ' ಅನ್ನೋ ಹೆಡ್ಡಿಂಗ್ ಇಲ್ಲದೆ.

ಹೋದ ವರ್ಷ ಅಂಥದ್ದೊಂದು ವಿಡಿಯೋ ನೋಡಿದೆ. ದಡದಲ್ಲಿ ನಿಂತ ಯಾರೋ ಮನೆಯವರೇ ತೆಗೆದದ್ದಿರಬೇಕು. ಹಾಡಿಲ್ಲ, ಕ್ಯಾಮೆರಾ ನಡುಗುತ್ತೆ, ಲೆನ್ಸಿನ ಮೇಲೆ ಮಳೆ ಹನಿ ಬಿದ್ದು ಅರ್ಧ ಚೌಕಟ್ಟು ಮಸುಕು. ದೋಣಿ ಮೂರು ಸಲ ಹಿಂದಕ್ಕೆ ಬರುತ್ತೆ. ನಾಲ್ಕನೇ ಸಲ ಮೂತಿ ಎತ್ತಿ ಅಲೆಯ ಆಚೆ ಬೀಳುತ್ತೆ, ಕಾಣಲ್ಲ, ಆಮೇಲೆ ಮತ್ತೆ ಕಾಣುತ್ತೆ. ಹಿಂದಿನಿಂದ ಒಂದು ಹೆಂಗಸಿನ ದನಿ ತುಳುವಿನಲ್ಲಿ ಏನೋ ಅನ್ನುತ್ತೆ, ವಿಡಿಯೋ ಅಲ್ಲಿಗೆ ಕಟ್. ಇನ್ನೂರು ವ್ಯೂ ಕೂಡ ಇರಲಿಲ್ಲ.