ತೆಂಕಣ ಗಾಳಿಯದು ಆಟವೆ?

ಪಂಜೆ ಮಂಗೇಶರಾಯರ ‘ತೆಂಕಣ ಗಾಳಿಯಾಟ’ ಪಾಠ ಹೇಳುವವರಿಗೆ ಸಿಕ್ಕ ಒಂದು ವರ. ಅನುಪ್ರಾಸಕ್ಕೆ ಉದಾಹರಣೆ ಬೇಕೆ, ಅಲ್ಲಿದೆ. ಅನುಕರಣ ಶಬ್ದ ಬೇಕೆ, ಅದೂ ಅಲ್ಲಿದೆ. ಒತ್ತಕ್ಷರಗಳು ಒಂದರ ಬೆನ್ನ ಮೇಲೊಂದು ಬಿದ್ದು ಬರುವ ಆ ಬಡಿತವನ್ನು ಗಟ್ಟಿಯಾಗಿ ಓದಿಬಿಟ್ಟರೆ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಾರೆ. ನವೋದಯ ಕಾವ್ಯದ ಮಾತು ಬಂದಾಗಲೆಲ್ಲ ನಾನು ನಂಜನಗೂಡಿನ ಹುಡುಗರಿಗೆ ಇದನ್ನು ಓದಿ ಹೇಳಿದ್ದೇನೆ. ಶಬ್ದಚಮತ್ಕಾರವನ್ನು ವಿವರಿಸಿ, ಕರಿಹಲಗೆಯನ್ನು ಒರೆಸಿ, ಮುಂದಿನ ಪದ್ಯಕ್ಕೆ ಹೋಗಿದ್ದೇನೆ. ಹೀಗೆ ಇಪ್ಪತ್ತು ವರ್ಷ ಕಳೆದವು.

ಕೆಲವು ತಿಂಗಳ ಹಿಂದೆ ಒಬ್ಬ ಹುಡುಗಿ ಎದ್ದು ನಿಂತು, “ಸಾರ್, ಮನೇನೆಲ್ಲಾ ಕಿತ್ಕೊಂಡೋಗೋದು ಆಟ ಎಂಗಾಯ್ತದೆ?” ಎಂದಳು. ಅವಳದು ಕಪಿಲೆಯ ಅಂಚಿನ ಬೀದಿ. ೨೦೧೮ರ ಆಗಸ್ಟಿನಲ್ಲೂ ಮರುವರ್ಷದ ಆಗಸ್ಟಿನಲ್ಲೂ ಹೊಳೆ ಏರಿ ಸ್ನಾನಘಟ್ಟ ಮುಳುಗಿ, ಹದಿನಾರು ಕಾಲಿನ ಮಂಟಪ ನೀರೊಳಗೆ ನಿಂತು, ಮಲ್ಲನಮೂಲೆಯ ಬಳಿ ಮೈಸೂರು ರಸ್ತೆ ಮುಚ್ಚಿದಾಗ ಅವಳು ಚಿಕ್ಕವಳು. ಆ ದಿನಗಳಲ್ಲಿ ಅವಳ ಮನೆಯವರು ಅಕ್ಕಿಯ ಚೀಲವನ್ನೂ ಹಾಸಿಗೆಯನ್ನೂ ಹೊತ್ತು ಶಾಲೆಯೊಂದರ ಜಗುಲಿಯಲ್ಲಿ ಮಲಗಿದ್ದರಂತೆ. “ಕವಿಸಮಯವಮ್ಮಾ, ಕೂತ್ಕೊ” ಎಂದು ನಾನು ಹೇಳಿದೆ. ಅದು ಉತ್ತರವಲ್ಲವೆಂದು ಹೇಳುತ್ತಿರುವಾಗಲೇ ನನಗೆ ಗೊತ್ತಿತ್ತು. ಆ ಸಂಜೆ ಪದ್ಯವನ್ನು ಮತ್ತೆ ತೆಗೆದು ಓದಿದೆ. ಈ ಲೇಖನ ಆ ಓದಿನ ಫಲ.

ಮೊದಲು ‘ತೆಂಕಣ’ ಎಂಬ ಮಾತನ್ನೇ ನೋಡಬೇಕು. ನಮ್ಮ ಕಾವ್ಯಪರಂಪರೆಯಲ್ಲಿ ತೆಂಕಣ ಗಾಳಿ ಸುಖದ ಗಾಳಿ. ಮಲಯಪರ್ವತದಿಂದ ಚಂದನದ ಕಂಪನ್ನು ಹೊತ್ತು, ವಸಂತನ ದೂತನಾಗಿ, ವಿರಹಿಗಳನ್ನು ಕಾಡಲೆಂದೇ ಮಂದವಾಗಿ ಬೀಸುವಂಥದು. ಪಂಪನು ಬನವಾಸಿಯನ್ನು ನೆನೆಯುವ ಪದ್ಯದಲ್ಲಿ ಆ ಗಾಳಿಯ ಸೋಂಕು ಮಾತ್ರದಿಂದಲೇ ದೂರದ ನಾಡು ಮನಸ್ಸಿಗೆ ಬರುತ್ತದೆ. ಸಾವಿರ ವರ್ಷ ಹೀಗೆ ಮೃದುವಾಗಿ ಬೀಸಿದ ಗಾಳಿಯನ್ನು ಪಂಜೆಯವರು ಒಮ್ಮೆಗೇ ತಿರುಗಿಸಿಬಿಟ್ಟರು. ಅವರ ತೆಂಕಣ ಗಾಳಿ ಸೋಂಕುವುದಿಲ್ಲ, ಅಪ್ಪಳಿಸುತ್ತದೆ. ಇದನ್ನು ಕವಿಯ ಹಟವೆಂದು ನಾನು ಬಹುಕಾಲ ತಿಳಿದಿದ್ದೆ. ಹಳೆಯ ಸಂಪ್ರದಾಯವನ್ನು ಮುರಿಯುವ ಹುಮ್ಮಸ್ಸು ಆ ಕಾಲದ ಕವಿಗಳೆಲ್ಲರಲ್ಲೂ ಇತ್ತಷ್ಟೆ.

ಆದರೆ ಇಲ್ಲಿರುವುದು ಹಟವಲ್ಲ, ಕಣ್ಣಾರೆ ಕಂಡದ್ದು. ಪಂಜೆಯವರು ೧೮೭೪ರಲ್ಲಿ ಬಂಟವಾಳದಲ್ಲಿ ಹುಟ್ಟಿದವರು. ಶಾಲೆಗಳ ಇನ್‌ಸ್ಪೆಕ್ಟರಾಗಿ ದಕ್ಷಿಣ ಕನ್ನಡವನ್ನು ಸುತ್ತಿದವರು. ಅರಬ್ಬೀ ಸಮುದ್ರದಲ್ಲಿ ಚಂಡಮಾರುತವೆದ್ದರೆ ಅದು ಸಾಮಾನ್ಯವಾಗಿ ನಮ್ಮ ಕರಾವಳಿಯನ್ನು ನೇರವಾಗಿ ಹೊಡೆಯುವುದಿಲ್ಲ; ದಂಡೆಗೆ ದೂರವಾಗಿ, ಪಶ್ಚಿಮದ ಕಡಲಿನಲ್ಲಿ, ಉತ್ತರಾಭಿಮುಖವಾಗಿ ಸಾಗುತ್ತದೆ. ಭೂಮಿಯ ಈ ಅರ್ಧಗೋಳದಲ್ಲಿ ಅಂಥ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುವುದರಿಂದ, ಅದರ ಪೂರ್ವದ ಮಗ್ಗುಲಿನಲ್ಲಿರುವ ಮಂಗಳೂರಿಗೂ ಉಡುಪಿಗೂ ಗಾಳಿ ಬೀಸುವುದು ಯಾವ ಕಡೆಯಿಂದ? ತೆಂಕಣಿಂದಲೇ. ಪದ್ಯದ ಶೀರ್ಷಿಕೆ ಹವಾಮಾನದ ಲೆಕ್ಕಕ್ಕೂ ಸರಿಯಾಗಿ ಕೂಡುತ್ತದೆಯೆಂದು ತಿಳಿದಾಗ ನಾನು ಬೆರಗಾದೆ. ಕವಿ ಚಂಡಮಾರುತವನ್ನೇ ಕಂಡು ಬರೆದರೋ, ಮುಂಗಾರಿನ ಮೊದಲ ಬಿರುಗಾಳಿಯನ್ನು ಕಂಡು ಬರೆದರೋ ಎಂಬುದನ್ನು ಪದ್ಯದಿಂದಲೇ ತೀರ್ಮಾನಿಸಲಾಗದು. ಗಾಳಿಯ ದಿಕ್ಕಂತೂ ಪುಸ್ತಕದಿಂದ ಬಂದದ್ದಲ್ಲ, ದಂಡೆಯಿಂದ ಬಂದದ್ದು.

ಇನ್ನೊಂದು ಸಂಗತಿ. ಪದ್ಯದ ಮೊದಲಲ್ಲಿ ಕವಿ ಆ ಸದ್ದನ್ನು ಕೇಳಿ ಸಂದೇಹಪಡುತ್ತಾರೆ: ಇದು ಪಾತಾಳದ ಹಾವಿನ ಸದ್ದೋ, ಹಸಿದ ಭೂತದ ಕೂಗೋ, ಯಮನ ಕೋಣವೋ ಎಂದು. ಸಂದೇಹಾಲಂಕಾರವೆಂದು ನಾವು ಬರೆಸುತ್ತೇವೆ, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಆದರೆ ಕತ್ತಲೆಯಲ್ಲಿ ಗುಡಿಸಲೊಳಗೆ ಕುಳಿತವನಿಗೆ ಗಾಳಿ ಕಾಣುವುದಿಲ್ಲ. ಕಿವಿಯೊಂದೇ ಅವನಿಗೆ ದಿಕ್ಕು. ಬರುತ್ತಿರುವುದು ಏನೆಂದು ನಿಶ್ಚಯಿಸಲಾರದ ಅವನ ಪಾಡೇ ಅಲ್ಲಿ ಅಲಂಕಾರವಾಗಿದೆ. ಹಾವಿನ ಹೋಲಿಕೆಯಂತೂ ವಿಚಿತ್ರ ರೀತಿಯಲ್ಲಿ ನಿಜವಾಗಿದೆ. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬಾತ ೧೮೪೮ರಲ್ಲಿ ಈ ಬಗೆಯ ಬಿರುಗಾಳಿಗೆ ‘ಸೈಕ್ಲೋನ್’ ಎಂದು ಹೆಸರಿಟ್ಟಾಗ, ಹಾವಿನ ಸುರುಳಿಯನ್ನು ನೆನಪಿಗೆ ತರುವ ಗ್ರೀಕ್ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನಂತೆ. ಕಲ್ಕತ್ತೆಯ ವಿದ್ವಾಂಸನೂ ಬಂಟವಾಳದ ಕವಿಯೂ ಒಂದೇ ಹಾವನ್ನು ಕಂಡರು. ಅದೇ ಪಿಡಿಂಗ್ಟನ್, ಕಲ್ಕತ್ತೆಗೆ ತೆಂಕಣದಲ್ಲಿ ಕಟ್ಟಹೊರಟಿದ್ದ ಕ್ಯಾನಿಂಗ್ ಬಂದರು ಸಮುದ್ರದ ಪಾಲಾದೀತೆಂದು ಸರ್ಕಾರಕ್ಕೆ ಮುಂಚಿತವಾಗಿಯೇ ಬರೆದ. ಯಾರೂ ಕೇಳಲಿಲ್ಲ, ೧೮೬೭ರಲ್ಲಿ ಬಂದ ಚಂಡಮಾರುತ ಆ ಬಂದರನ್ನು ಹಾಳುಗೆಡವಿತು.

ಈಗ ನನ್ನ ಓದಿಗೆ ಮುಖ್ಯವಾದ ಮಾತಿಗೆ ಬರುತ್ತೇನೆ. ಪದ್ಯದಲ್ಲಿ ಗಾಳಿ ಬರಿಯ ಗಾಳಿಯಾಗಿ ಬರುವುದಿಲ್ಲ. ಕಡಲಿನ ನೀರಿಗೆ ‘ಉಬ್ಬರ’ವನ್ನು ಎಬ್ಬಿಸಿಕೊಂಡು ಬರುತ್ತದೆ. ಉಬ್ಬರ-ಇಳಿತ ಕರಾವಳಿಯವರ ನಿತ್ಯದ ಮಾತು. ಆ ಉಬ್ಬರವನ್ನು ಚಂದ್ರನು ಎಬ್ಬಿಸುತ್ತಾನೆ; ಏರಲು ಆರು ಗಂಟೆ, ಇಳಿಯಲು ಆರು ಗಂಟೆ; ಬೆಸ್ತರು ಅದನ್ನು ನಂಬಿಯೇ ದೋಣಿ ಇಳಿಸುತ್ತಾರೆ. ಪಂಜೆಯವರ ಉಬ್ಬರ ಅದಲ್ಲ. ಅದು ಒಮ್ಮೆಗೇ ಏಳುವಂಥದು, ಗಾಳಿ ಎಬ್ಬಿಸುವಂಥದು. ಚಂಡಮಾರುತದ ನಡುವೆ ವಾಯುವಿನ ಒತ್ತಡ ತಗ್ಗುವುದರಿಂದ ಸಮುದ್ರದ ಮಟ್ಟ ಒಂದು ಮಿಲಿಬಾರಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಏಳುತ್ತದೆ. ಆದರೆ ಅದು ಅಲ್ಪ. ನಿಜವಾದ ಏರಿಕೆ ಗಾಳಿಯು ನೀರನ್ನು ದಂಡೆಯ ಕಡೆಗೆ ತಳ್ಳಿ ರಾಶಿಹಾಕುವುದರಿಂದ ಆಗುತ್ತದೆ. ದಂಡೆಯ ಬಳಿ ಕಡಲು ಆಳವಿಲ್ಲದಿದ್ದರೆ ತಳ್ಳಿದ ನೀರಿಗೆ ಮೇಲೇರುವುದಲ್ಲದೆ ಬೇರೆ ದಾರಿಯಿಲ್ಲ. ಚಂದ್ರನ ಉಬ್ಬರವೂ ಅದೇ ಹೊತ್ತಿಗೆ ಬಂದರೆ ಎರಡೂ ಕೂಡಿಕೊಳ್ಳುತ್ತವೆ. ೧೯೭೭ರ ನವೆಂಬರ್ ೧೯ರಂದು ಆಂಧ್ರದ ದಿವಿಸೀಮೆಯಲ್ಲಿ ಹೀಗೆ ಸುಮಾರು ಐದು ಮೀಟರ್ ಎತ್ತರಕ್ಕೆ ನೀರು ಎದ್ದು ಹತ್ತು ಸಾವಿರದಷ್ಟು ಜನ ಸತ್ತರು. ಅದಕ್ಕೆ ಏಳು ವರ್ಷ ಮೊದಲು, ೧೯೭೦ರಲ್ಲಿ, ಇಂದು ಬಾಂಗ್ಲಾದೇಶವಾಗಿರುವ ನಾಡಿನಲ್ಲಿ ಸತ್ತವರು ಮೂರು ಲಕ್ಷಕ್ಕೆ ಕಡಮೆಯಿಲ್ಲ. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ನೀರು, ಗಾಳಿಯಲ್ಲ. ಇದಕ್ಕೆ ನಮ್ಮ ಭಾಷೆಯಲ್ಲಿ ಎಲ್ಲರ ನಾಲಗೆಯ ಮೇಲೂ ನಿಂತ ಒಂದು ಹೆಸರು ಇಂದಿಗೂ ಇಲ್ಲ. ಪಂಜೆಯವರು ಹೆಸರಿಡಲಿಲ್ಲ, ಆದರೆ ಗಾಳಿಯನ್ನೂ ಉಬ್ಬರವನ್ನೂ ಒಂದೇ ಉಸಿರಿಗೆ ಕಟ್ಟಿದರು.

ವ್ಯಾಕರಣದ ಕಡೆಗೆ ಒಂದಿಷ್ಟು. (ಕನ್ನಡ ಮೇಷ್ಟ್ರ ಚಟ, ಓದುಗರು ಮನ್ನಿಸಬೇಕು.) ಪದ್ಯದ ತುಂಬ ಇರುವುದು ‘ಇಸಿ’ ಎಂದು ಕೊನೆಗೊಳ್ಳುವ ಅಪೂರ್ಣ ಕ್ರಿಯೆಗಳು. ಯಾವುದೂ ಮುಗಿದದ್ದಲ್ಲ. ಅವೆಲ್ಲವೂ ಹೋಗಿ ಸೇರುವ ಪೂರ್ಣಕ್ರಿಯೆ ಒಂದೇ, ಅದೂ ವರ್ತಮಾನಕಾಲದ್ದು, ಬರವನ್ನು ಸಾರುವಂಥದು. ಅದನ್ನೇ ಕವಿ ಮತ್ತೆ ಮತ್ತೆ ಹೇಳುತ್ತಾರೆ. ಬಂದುಹೋದ ಮೇಲಿನ ವರ್ಣನೆ ಇದಲ್ಲ. ಊರ ಬೀದಿಯಲ್ಲಿ ಓಡುತ್ತ ಕೂಗಿ ಹೇಳುವವನ ಮಾತು ಇದು. ಎಚ್ಚರಿಕೆಯ ಮಾತಿಗೆ ಪ್ರಾಸವೇಕೆಂದು ಕೇಳುವವರುಂಟು. ಡಂಗುರಕ್ಕೆ ತಮಟೆಯೇಕೆಂದು ಅವರು ಕೇಳುವುದಿಲ್ಲ.

ಹಾಗಾದರೆ ‘ಆಟ’ ಎಂದದ್ದೇಕೆ? ಹುಡುಗಿಯ ಪ್ರಶ್ನೆ ಇನ್ನೂ ನಿಂತೇ ಇದೆ. ಇದಕ್ಕೆ ನಮ್ಮ ಸೀಮೆಯ ಒಂದು ಕಥೆಯನ್ನು ಎದುರಿಗಿಡುತ್ತೇನೆ. ತಿರುಮಕೂಡಲು ನರಸೀಪುರ ತಾಲೂಕಿನ ತಲಕಾಡಿನಲ್ಲಿಯೂ ಗಾಳಿ ಊರನ್ನು ನುಂಗಿದೆ. ಕಾವೇರಿಯ ಮರಳನ್ನು ತಂದು ತಂದು ಸುರಿದು ದೇವಾಲಯಗಳನ್ನು ಹೂತುಹಾಕಿದೆ. ಕರಾವಳಿಯಲ್ಲಿ ಒಂದು ರಾತ್ರಿಯಲ್ಲಿ ಆಗುವುದು ಇಲ್ಲಿ ಶತಮಾನಗಳಲ್ಲಿ ಆಯಿತು, ಅಷ್ಟೇ ವ್ಯತ್ಯಾಸ. ಇದನ್ನು ಜನ ಅಲಮೇಲಮ್ಮನ ಶಾಪವೆಂದರು. ಶಾಪವೆಂದಮೇಲೆ ಅಪರಾಧಿ ಬೇಕು, ಅನ್ಯಾಯಕ್ಕೊಳಗಾದವಳು ಬೇಕು. ಗಾಳಿ ಬರಿಯ ಆಳು. ಹೊಳೆಗೆ ಮಾಧವಮಂತ್ರಿಯ ಕಟ್ಟೆ ಬಿದ್ದ ಮೇಲೆ ಮರಳಿನ ಪಾತ್ರ ತೆರೆದುಕೊಂಡಿತೆಂದು ವಿದ್ವಾಂಸರಲ್ಲಿ ಕೆಲವರು ಹೇಳುತ್ತಾರೆ. ಶಾಪದ ಕಥೆಯಲ್ಲಿ ಆ ಕಟ್ಟೆಯ ಮಾತೇ ಇಲ್ಲ.

ಪಂಜೆಯವರು ಯಾರನ್ನೂ ಶಪಿಸುವುದಿಲ್ಲ, ಯಾರ ಪಾಪವನ್ನೂ ಹುಡುಕುವುದಿಲ್ಲ. ಅವರ ಗಾಳಿಗೆ ಮನುಷ್ಯನ ಮೇಲೆ ದ್ವೇಷವಿಲ್ಲ. ಮಗು ಆಟಿಕೆಯನ್ನು ಮುರಿಯುವಂತೆ ಅದು ಮನೆಯನ್ನು ಮುರಿಯುತ್ತದೆ. ಆ ನಿರ್ಲಕ್ಷ್ಯವೇ ‘ಆಟ’. ನನಗೆ ಇದು ಶಾಪಕ್ಕಿಂತ ಭೀಕರವಾಗಿ ಕಾಣುತ್ತದೆ. ಶಾಪಕ್ಕೆ ವಿಮೋಚನೆಯುಂಟು, ಶಾಂತಿ ಮಾಡಿಸಬಹುದು. ಆಟವಾಡುವವನನ್ನು ಬೇಡಿಕೊಳ್ಳುವುದು ಹೇಗೆ?

ಇಷ್ಟು ಹೇಳಿಯೂ ಪದ್ಯದ ಕೊರತೆಯನ್ನು ಮುಚ್ಚಿಡಲಾರೆ. ಗಾಳಿಯ ರಭಸಕ್ಕೆ ಕವಿ ಎಷ್ಟು ಮರುಳಾಗಿದ್ದಾರೆಂದರೆ, ಅದು ಹಾದುಹೋದ ದಾರಿಯಲ್ಲಿ ನಿಂತವರ ಮುಖ ಅವರಿಗೆ ಸರಿಯಾಗಿ ಕಾಣಲಿಲ್ಲ. ಮರುದಿನ ಬೆಳಗ್ಗೆ ಎದ್ದು ತೆಂಗಿನ ಗರಿಗಳನ್ನು ಆರಿಸಿ ಮಾಡು ಹೊದೆಸುವ ಹೆಂಗಸು ಪದ್ಯದಲ್ಲಿಲ್ಲ. ಉಪ್ಪುನೀರು ನಿಂತ ಗದ್ದೆಯಲ್ಲಿ ಮತ್ತೆ ಬೆಳೆ ಯಾವಾಗ ಎಂಬ ಪ್ರಶ್ನೆಯಿಲ್ಲ. ಅದನ್ನು ತಿಳಿಯಬೇಕಾದರೆ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯ ಬಳಿಗೆ ಹೋಗಬೇಕು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆಯ ನೀರು, ನಡುವಣ ನೆಲದಲ್ಲಿ ಮೂರು ತಲೆಮಾರಿನ ಬದುಕು. ಪಾರೋತಿ, ಸರಸೋತಿಯರ ಮೈದಣಿವು. ಅಲ್ಲಿ ಕಡಲು ಆಡುವುದೂ ಇಲ್ಲ, ಶಪಿಸುವುದೂ ಇಲ್ಲ. ನೆರೆಯವನಂತೆ ಇದ್ದೇ ಇರುತ್ತದೆ. ಒಂದು ಭಾವಗೀತೆಯಿಂದ ಕಾದಂಬರಿಯ ಕೆಲಸವನ್ನು ಕೇಳುವುದು ನ್ಯಾಯವಲ್ಲವೆಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೆ ಪದ್ಯವೊಂದನ್ನೇ ಪಾಠ ಹೇಳಿ ಬಿಟ್ಟುಬಿಡುವ ನಮ್ಮಂಥವರದು ತಪ್ಪು.

೨೦೨೧ರ ಮೇ ತಿಂಗಳಲ್ಲಿ ‘ತೌಕ್ತೆ’ ಚಂಡಮಾರುತ ಕರಾವಳಿಯ ಆಚೆಯಿಂದ ಉತ್ತರಕ್ಕೆ ಸಾಗಿ ಗುಜರಾತನ್ನು ಹೊಡೆಯಿತು. ಹಾದುಹೋಗುವ ಗಾಳಿಯಷ್ಟೇ ನಮ್ಮ ಪಾಲಿಗೆ ಬಂದದ್ದು; ಅಷ್ಟಕ್ಕೇ ಮೂರೂ ಜಿಲ್ಲೆಗಳ ದಂಡೆಯಲ್ಲಿ ಮನೆಗಳು ಹಾಳಾದವು, ಮೂಲ್ಕಿಯ ಆಚೆ ಬಂಡೆಗೆ ಸಿಕ್ಕಿಕೊಂಡ ಹಡಗಿನಿಂದ ಒಂಬತ್ತು ಮಂದಿಯನ್ನು ಕಷ್ಟಪಟ್ಟು ಇಳಿಸಬೇಕಾಯಿತು. ಉಳ್ಳಾಲದಲ್ಲಿ ಕಡಲ್ಕೊರೆತ ಪ್ರತಿ ಮಳೆಗಾಲದ ಸುದ್ದಿ. ಅಳಿವೆಯ ಬಾಯಿಗೆ ಕಲ್ಲಿನ ಗೋಡೆ ಹಾಕಿದ ಮೇಲೆ ಅದು ಹೆಚ್ಚಿತೆಂದು ಅಲ್ಲಿಯ ಜನ ಹೇಳುವುದುಂಟು. ತಲಕಾಡಿನ ಕಟ್ಟೆಯ ಮಾತು ಇಲ್ಲಿ ನೆನಪಾಗದೆ ಇರದು.

ನಮ್ಮ ಹುಡುಗರಿಗೆ ಸುಂಟರಗಾಳಿಯೆಂದರೆ ಬೇಸಗೆಯ ಮಧ್ಯಾಹ್ನ ಹೊಲದಲ್ಲಿ ತರಗೆಲೆಯನ್ನೂ ಧೂಳನ್ನೂ ಸುತ್ತಿ ಎತ್ತುವ ಗಾಳಿ. ಅದರೊಳಗೆ ದೆವ್ವವಿದೆಯೆಂದು ಚಿಕ್ಕವರು ಓಡುತ್ತಾರೆ. ಪಂಜೆಯವರು ಅದೇ ಮಾತನ್ನು ಬಳಸಿದ್ದರಿಂದ ಇಷ್ಟು ವರ್ಷ ನನ್ನ ತರಗತಿಯಲ್ಲಿ ಪದ್ಯ ಧೂಳಿನ ಸುಳಿಯಷ್ಟೇ ಎತ್ತರಕ್ಕೆ ಎದ್ದು ಬಿದ್ದುಹೋಗಿರಬೇಕು. ಕಬಿನಿಯ ಅಣೆಕಟ್ಟಿನಿಂದ ಇಷ್ಟು ಸಾವಿರ ಕ್ಯುಸೆಕ್ ನೀರು ಬಿಡಲಾಗಿದೆಯೆಂದು ಧ್ವನಿವರ್ಧಕದಲ್ಲಿ ಸಾರಿದಾಗ ಹೊಳೆಯಂಚಿನ ಬೀದಿಯವರಿಗೆ ಆ ಅಂಕಿ ತಮ್ಮ ಹೊಸ್ತಿಲಿಗೆ ಎಷ್ಟು ದೂರವೆಂದು ತಿಳಿಯದು. ಪಂಜೆಯವರಲ್ಲಿ ಅಂಕಿಯಿಲ್ಲ, ಆದರೆ ನೀರು ಎಲ್ಲಿಂದ, ಯಾವುದರ ಜೊತೆಗೆ, ಎಷ್ಟು ಬೇಗ ಬರುತ್ತದೆಂಬುದು ಕೇಳಿದವನಿಗೆ ಗೊತ್ತಾಗುತ್ತದೆ.

ಮುಂದಿನ ವಾರ ಆ ತರಗತಿಗೆ ಇದೇ ಪದ್ಯವನ್ನು ಮತ್ತೆ ತೆಗೆದುಕೊಂಡು ಹೋಗುತ್ತಿದ್ದೇನೆ. ಭೂಗೋಳದ ಅಧ್ಯಾಪಕರನ್ನು ಕೇಳಿ ಪಶ್ಚಿಮ ಕರಾವಳಿಯ ನಕ್ಷೆಯೊಂದನ್ನು ಎರವಲು ತಂದಿಟ್ಟುಕೊಂಡಿದ್ದೇನೆ. ಪದ್ಯವನ್ನು ಗಟ್ಟಿಯಾಗಿ ಓದುವುದನ್ನು ಆ ಹುಡುಗಿಗೇ ಬಿಡುವುದೆಂದಿದ್ದೇನೆ.