ಲೆಕ್ಕ ತಿಳಿದವಳು

ನನ್ನ ಮಗಳು ಬೆಂಗಳೂರಿನ ಒಂದು ಕಂಪೆನಿಯಲ್ಲಿ ನೌಕರರ ಸಂಬಳದ ಲೆಕ್ಕ ನೋಡಿಕೊಳ್ಳುತ್ತಾಳೆ. ಸಂಕ್ರಾಂತಿಗೆ ಬಂದಾಗ, "ಅಮ್ಮಾ, ನನ್ನಂಥ ಕೆಲಸ ಮಾಡೋ ಹೆಂಗಸು ನಾಯಕಿಯಾಗಿರೋ ಸಿನಿಮಾ ಒಂದಿದೆ, ನೋಡು ಬಾ" ಎಂದು ಕರೆದಳು. 2014ರಲ್ಲಿ ಬಂದ, ಇವಾನ್ ರೈಟ್‌ಮನ್ ನಿರ್ದೇಶನದ 'ಡ್ರಾಫ್ಟ್ ಡೇ' ಎಂಬ ಇಂಗ್ಲಿಷ್ ಚಿತ್ರ. ಫುಟ್‌ಬಾಲಿನ ಕಥೆ ಎಂದು ಕೇಳಿ ಅವರೆಕಾಯಿಯ ಬುಟ್ಟಿಯನ್ನು ಜೊತೆಗಿಟ್ಟುಕೊಂಡೇ ಕೂತೆ. ಬೇಸರವಾದರೆ ಕಾಯಾದರೂ ಸುಲಿದಾಗಲಿ ಎಂದು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕೈ ನಿಂತೇ ಹೋಗಿತ್ತು.

ಇದು ನಮ್ಮ ಶಾಲೆಯ ಮಕ್ಕಳು ಒದ್ದು ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಂಥ ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವ ಅಮೆರಿಕದ ಆಟ. ಅಲ್ಲಿನ ವೃತ್ತಿಪರ ಲೀಗಿನಲ್ಲಿ 32 ತಂಡಗಳಿವೆ. ಕಾಲೇಜಿನಿಂದ ಬರುವ ಹುಡುಗರನ್ನು ತಂಡಗಳು ವರ್ಷಕ್ಕೊಮ್ಮೆ ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಅದೇ ಡ್ರಾಫ್ಟ್. ಚಿತ್ರದ ಕಥೆಯೆಲ್ಲ ಆ ಒಂದು ದಿನದ್ದು. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಜನರಲ್ ಮ್ಯಾನೇಜರ್ ಸನ್ನಿಯಾಗಿ ಕೆವಿನ್ ಕಾಸ್ಟ್ನರ್, ಅದೇ ಕಚೇರಿಯಲ್ಲಿ ಸಂಬಳದ ಲೆಕ್ಕ ನೋಡುವ ಅಧಿಕಾರಿ ಆಲಿಯಾಗಿ ಜೆನ್ನಿಫರ್ ಗಾರ್ನರ್ ನಟಿಸಿದ್ದಾರೆ.

ಆಲಿಯ ಕೆಲಸ ಸಣ್ಣದಲ್ಲ. ಒಂದು ತಂಡ ವರ್ಷಕ್ಕೆ ಆಟಗಾರರ ಮೇಲೆ ಇಂತಿಷ್ಟೇ ಖರ್ಚು ಮಾಡಬೇಕೆಂದು 1994ರಿಂದ ಅಲ್ಲಿ ಮಿತಿಯಿದೆ. ಆ ವರ್ಷ ಅದು 3 ಕೋಟಿ 46 ಲಕ್ಷ ಡಾಲರ್ ಇತ್ತು. ಚಿತ್ರ ಬಂದ 2014ರಲ್ಲಿ 13 ಕೋಟಿ 30 ಲಕ್ಷಕ್ಕೆ, 2025ರಲ್ಲಿ 27 ಕೋಟಿ 92 ಲಕ್ಷಕ್ಕೆ ಏರಿತು. ಒಡೆಯ ಎಷ್ಟೇ ಶ್ರೀಮಂತನಾದರೂ ಈ ಮಿತಿಯೊಳಗೇ ಸಂಸಾರ ತೂಗಿಸಬೇಕು. ಅದಕ್ಕೇ ನಾನಾ ಉಪಾಯಗಳು. ಆಟಗಾರನಿಗೆ ಸಹಿ ಹಾಕುವಾಗಲೇ ದೊಡ್ಡ ಗಂಟು ಕೊಟ್ಟುಬಿಡುತ್ತಾರೆ, ಲೆಕ್ಕದಲ್ಲಿ ಮಾತ್ರ ಅದನ್ನು ಐದು ವರ್ಷದವರೆಗೆ ಹಂಚಿ ತೋರಿಸಬಹುದು. ಒಪ್ಪಂದ ಮುಗಿಯುವ ಮೊದಲೇ ಆತನನ್ನು ಬಿಟ್ಟುಕೊಟ್ಟರೆ, ಹಂಚಿ ಉಳಿದ ಹಣ ತಂಡದ ತಲೆಯ ಮೇಲೇ ಬಂದು ಬೀಳುತ್ತದೆ. ಚೀಟಿ ಎತ್ತಿ ಖರ್ಚು ಮಾಡಿಕೊಂಡ ಮೇಲೂ ಕಂತು ಕಟ್ಟುತ್ತಲೇ ಇರಬೇಕಲ್ಲ, ಹಾಗೆ. ಆಟಗಾರ ಹೋಗಿರುತ್ತಾನೆ, ಅವನ ಲೆಕ್ಕ ಹೋಗಿರುವುದಿಲ್ಲ. ಯಾರನ್ನು ಕರೆತಂದರೆ ಯಾರನ್ನು ಕಳಿಸಬೇಕಾಗುತ್ತದೆ ಎಂದು ಮೂರು ವರ್ಷ ಮುಂಚೆಯೇ ತಿಳಿದಿರಬೇಕಾದವಳು ಈ ಆಲಿ.

ಇಂಥ ಹೆಂಗಸನ್ನು ಕಥೆಯಲ್ಲಿ ತಂದಿಟ್ಟುಕೊಂಡು ಚಿತ್ರ ಅವಳಿಗೆ ಕೊಟ್ಟ ಪ್ರಸಂಗ ಯಾವುದು ಗೊತ್ತೇ? ಅವಳು ಬಸುರಿ. ಸನ್ನಿಗೂ ಅವಳಿಗೂ ಇರುವ ಸಂಬಂಧ ಕಚೇರಿಗೆ ತಿಳಿಯದಂಥದು, ಮಗು ಅವನದು. ಆಟದ ವಿಚಾರದಲ್ಲಿ ಆಲಿ ಯಾರಿಗೂ ಕಡಿಮೆಯಲ್ಲವೆಂದು ಚಿತ್ರ ಹೇಳುತ್ತದೆ, ಗಾರ್ನರ್ ಅಭಿನಯದಲ್ಲಿ ಆ ಗಟ್ಟಿತನವೂ ಇದೆ. ಆದರೆ ಅವಳಿಂದ ಕಥೆ ನಡೆಯುವುದು ಲೆಕ್ಕದ ಬಲದಿಂದಲ್ಲ, ಬಸಿರಿನ ಬಲದಿಂದ. ಚೌಕಾಸಿಯೆಲ್ಲ ಸನ್ನಿಯ ಟೆಲಿಫೋನಿನಲ್ಲೇ ಮುಗಿಯುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ವಾಂಟೆ ಮ್ಯಾಕ್ ಎಂಬ ಆಟಗಾರನಿದ್ದಾನೆ, ಚ್ಯಾಡ್‌ವಿಕ್ ಬೋಸ್‌ಮನ್ ಮಾಡಿದ ಪಾತ್ರ. ಸಾಯಲಿದ್ದ ಅಕ್ಕನಿಗೆ ಆಟದ ಮಧ್ಯೆಯೇ ಚೆಂಡು ಕೊಟ್ಟು ಬಂದು ದಂಡ ತೆತ್ತವನು. ಸನ್ನಿಗೆ ಮೊದಲು ಇದ್ದದ್ದು ಏಳನೆಯ ಸರದಿ. ಮೂರು ವರ್ಷದ ಮೊದಲ ಸುತ್ತಿನ ಆಯ್ಕೆಗಳನ್ನು ಕೊಟ್ಟು ಎಲ್ಲರಿಗಿಂತ ಮೊದಲ ಸರದಿ ಕೊಳ್ಳುತ್ತಾನೆ. ಕೊಂಡು, ಏಳನೆಯದರಲ್ಲೇ ಸಿಗಬಹುದಾಗಿದ್ದ ಮ್ಯಾಕ್‌ನನ್ನೇ ಆರಿಸುತ್ತಾನೆ! ನೋಡುವವರಿಗೆ ಕಣ್ಣು ತುಂಬುತ್ತದೆ, ನನಗೂ ತುಂಬಿತು. ಆದರೆ 2011ರಿಂದ ಹೊಸ ಹುಡುಗರ ಸಂಬಳ ಸರದಿಯ ಮೇಲೆಯೇ ನಿರ್ಧಾರವಾಗುತ್ತದೆ. 2014ರ ನಿಜವಾದ ಡ್ರಾಫ್ಟಿನಲ್ಲಿ ಮೊದಲನೆಯವನಾದ ಜಡೇವಿಯನ್ ಕ್ಲೌನಿಗೆ ನಾಲ್ಕು ವರ್ಷಕ್ಕೆ ಸುಮಾರು 2 ಕೋಟಿ 20 ಲಕ್ಷ ಡಾಲರ್ ಸಿಕ್ಕಿತು, ಏಳನೆಯವನಾದ ಮೈಕ್ ಎವನ್ಸ್‌ಗೆ ಸುಮಾರು 1 ಕೋಟಿ 46 ಲಕ್ಷ. ಅಂದರೆ ಸನ್ನಿಯ ಆ ಒಂದು ಔದಾರ್ಯದ ಬೆಲೆ ಎಪ್ಪತ್ತು ಲಕ್ಷ ಡಾಲರಿಗೂ ಮೇಲೆ. ಅದನ್ನು ಎಲ್ಲಿಂದ ಹೊಂದಿಸಬೇಕು, ಯಾರ ಪಾಲಿನಿಂದ ಕಳೆಯಬೇಕು ಎಂಬ ಪ್ರಶ್ನೆ ಆಲಿಯದು. ಆ ಹೊತ್ತಿನಲ್ಲಿ ಅವಳನ್ನು ಮಾತಾಡಿಸಿದ್ದರೆ, ಮ್ಯಾಕ್‌ನ ಮನೆಯ ಕಷ್ಟ ಮತ್ತು ತಂಡದ ಲೆಕ್ಕ ಎದುರುಬದುರು ನಿಂತು ಎಂಥ ದೃಶ್ಯವಾಗುತ್ತಿತ್ತು! ಚಿತ್ರ ಅದನ್ನು ಬೆಳೆಸದೆ ಬಿಟ್ಟಿತು.

ಇಂಥ ಹೆಂಗಸರು ನಿಜಕ್ಕೂ ಇದ್ದಾರೆಯೇ ಎಂದು ನೀವು ಕೇಳಬಹುದು. ಇದ್ದಾರೆ. ಕ್ಲೀವ್‌ಲ್ಯಾಂಡ್ ಇರುವ ಒಹಾಯೋ ರಾಜ್ಯದಲ್ಲೇ ಸಿನ್ಸಿನಾಟಿ ಬೆಂಗಾಲ್ಸ್ ಎಂಬ ಇನ್ನೊಂದು ತಂಡವಿದೆ. ಅಲ್ಲಿ ಆಟಗಾರರ ಒಪ್ಪಂದದ ಮಾತುಕತೆಯನ್ನು ಬಹಳ ವರ್ಷ ನಡೆಸಿಕೊಂಡು ಬಂದವರು ಕೇಟಿ ಬ್ಲಾಕ್‌ಬರ್ನ್, ಕಾನೂನು ಓದಿದವರು. ಅವರ ಅಜ್ಜ ಪಾಲ್ ಬ್ರೌನ್. ಸಿನಿಮಾದ ಬ್ರೌನ್ಸ್ ತಂಡಕ್ಕೆ ಹೆಸರು ಬಂದದ್ದು ಆ ಅಜ್ಜನಿಂದಲೇ.

ಬ್ಲಾಕ್‌ಬರ್ನ್ ಅವರದು ಮನೆಯ ತಂಡ, ಬಾಗಿಲು ತೆರೆದೇ ಇತ್ತು ಎನ್ನೋಣ. ಡಾನ್ ಅಪಾಂಟೆ ಒಡೆಯರ ಮನೆಯವರಲ್ಲ. ಲೆಕ್ಕಶಾಸ್ತ್ರ ಓದಿ, ಕಾನೂನಿನ ಪದವಿಯನ್ನೂ ಪಡೆದು, ನ್ಯೂಯಾರ್ಕ್ ಜೆಟ್ಸ್ ತಂಡದ ಕಚೇರಿಯಲ್ಲಿ ತೊಂಬತ್ತರ ದಶಕದಲ್ಲಿ ಕೆಲಸ ಕಲಿತವರು. 2009ರಲ್ಲಿ ಇದೇ ಕ್ಲೀವ್‌ಲ್ಯಾಂಡಿಗೆ ಬಂದರು. ಮರುವರ್ಷ ಮಯಾಮಿ ಡಾಲ್ಫಿನ್ಸ್ ಸೇರಿ ಒಪ್ಪಂದ ಮತ್ತು ಸಂಬಳದ ಮಿತಿ ನೋಡಿಕೊಂಡರು. 2017ರಲ್ಲಿ ಲೀಗಿನ ಕಚೇರಿಯಲ್ಲೇ ದೊಡ್ಡ ಹುದ್ದೆಗೆ ಹೋದರು. ಒಂದೊಂದೇ ಮೆಟ್ಟಿಲು ಹತ್ತಿದ ಈ ಬದುಕಿನಲ್ಲಿ ಸಿನಿಮಾಕ್ಕೆ ಬೇಕಾದ ಕಥೆ ಇರಲಿಲ್ಲವೇ?

ನನಗೇಕೆ ಇಷ್ಟು ಸಿಟ್ಟು ಎಂದು ಮಗಳು ನಕ್ಕಳು. "ಅಲ್ಲಮ್ಮಾ, ಹೆಂಗಸು ಇಲ್ಲಿ ಯಾಕೆ ಬಂದಳು ಅಂತ ತಗಾದೆ ತೆಗೆಯದೆ ಅವಳನ್ನ ಆ ಕಚೇರೀಲಿ ಕೂರಿಸಿದ್ದಾರಲ್ಲ, ಅಷ್ಟು ಸಾಲದಾ? ಬಸುರಿಯಾದ್ರೂ ಅವಳು ಕೆಲಸ ಬಿಟ್ಟು ಹೋಗಲಿಲ್ಲ ನೋಡು." ಈ ಮಾತು ಸುಳ್ಳಲ್ಲ. ಚಿತ್ರದ ಪರವಾಗಿ ಇದನ್ನು ಬರೆಯದಿದ್ದರೆ ಅನ್ಯಾಯವಾದೀತು.

ಆದರೆ ನನ್ನ ಸಿಟ್ಟು ಹಳೆಯದು. ಮದುವೆಯಾದ ಹೊಸದರಲ್ಲಿ ನಾನು ಒಂದು ಅನುದಾನಿತ ಪ್ರೌಢಶಾಲೆಯಲ್ಲಿದ್ದೆ. ಗುಮಾಸ್ತರ ಹುದ್ದೆ ಖಾಲಿ. ಹದಿನಾಲ್ಕು ಜನರ ಸಂಬಳದ ಬಿಲ್ಲನ್ನು, ತುಟ್ಟಿಭತ್ಯೆಯಿಂದ ಹಿಡಿದು ಸಾಲದ ಕಡಿತದವರೆಗೆ, ನಾನೇ ಬರೆಯುತ್ತಿದ್ದೆ. ಒಮ್ಮೆಯೂ ಆಕ್ಷೇಪಣೆ ಬಂದಿರಲಿಲ್ಲ. ಐದು ತಿಂಗಳಾಗಿ ಹೊಟ್ಟೆ ಕಾಣಿಸತೊಡಗಿದಾಗ ಮುಖ್ಯೋಪಾಧ್ಯಾಯರು, "ನಿಮಗ್ಯಾಕಮ್ಮಾ ಈ ತಲೆನೋವು" ಎಂದು ರಿಜಿಸ್ಟರ್ ತೆಗೆದುಕೊಂಡರು. ಕೆಟ್ಟ ಮನಸ್ಸಿನಿಂದಲ್ಲ. ನಿಂತು ಪಾಠ ಮಾಡುವ ಪೀರಿಯಡ್ ಮಾತ್ರ ಒಂದೂ ಕಡಿಮೆಯಾಗಲಿಲ್ಲ! ಆ ತಿಂಗಳ ಬಿಲ್ಲು ಖಜಾನೆಯಿಂದ ಎರಡು ಸಲ ವಾಪಸು ಬಂತು. ಮೂರನೆಯ ಸಲಕ್ಕೆ ಜವಾನ ಅದನ್ನು ನಮ್ಮ ಮನೆಗೇ ತಂದ. ತಿದ್ದಿ ಕಳಿಸಿದೆ, ಸಂಬಳವಾಯಿತು. ಹೆರಿಗೆ ರಜೆ ಮುಗಿಸಿ ಹೋದಾಗ ರಿಜಿಸ್ಟರ್ ಇನ್ನೊಬ್ಬರ ಮೇಜಿನ ಮೇಲಿತ್ತು. ಎಲ್ಲರೂ ಮಗುವಿನ ಬಗ್ಗೆ ವಿಚಾರಿಸಿದರು.

ಚಿತ್ರವನ್ನು ನೀವೂ ನೋಡಿ, ಬೇಸರವಾಗದು. ಆಲಿ ತೆರೆಯ ಮೇಲೆ ಬಂದಾಗಲೆಲ್ಲ ಯಾರಾದರೂ ಅವಳನ್ನು ಲೆಕ್ಕ ಕೇಳುತ್ತಾರೋ ಎಂದು ಮಾತ್ರ ಗಮನವಿಟ್ಟಿರಿ.

ನನ್ನ ಕಥೆ ಮುಗಿದ ಮೇಲೆ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ರಿಜಿಸ್ಟರ್ ವಾಪಸು ಕೊಡಿ ಅಂತ ನೀನು ಯಾಕಮ್ಮಾ ಕೇಳಲಿಲ್ಲ?" ಎಂದಳು. ನಾನು ಅವರೆಕಾಯಿಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡೆ.